ಲಾಯಿಲದ ಕಾರು, ಹಾಜಬ್ಬರ ಕಾರು

ತಾನು ಮೂರು ವರ್ಷದಿಂದ ಓಡಿಸುತ್ತಿರುವುದು ಬೇರೆಯವರ ಕಾರು ಎಂಬುದು ಹಾಜಬ್ಬರಿಗೆ ಗೊತ್ತಾದದ್ದು 1961ರ ಜನವರಿಯಲ್ಲಿ, ಬೆಳ್ತಂಗಡಿಯ ಪ್ರವಾಸಿ ಬಂಗಲೆಯ ಅಂಗಳದಲ್ಲಿ.

ವರ್ಷಕ್ಕೊಮ್ಮೆ ಮಂಗಳೂರಿನಿಂದ ಮೋಟಾರು ಇನ್ಸ್‌ಪೆಕ್ಟರರು ಬಂದು ತಾಲೂಕಿನ ಟ್ಯಾಕ್ಸಿಗಳನ್ನು ಅಲ್ಲಿ ಸಾಲಾಗಿ ನಿಲ್ಲಿಸಿ ನೋಡುವುದು ವಾಡಿಕೆ. ಹಿಂದೆ ಬರುತ್ತಿದ್ದವರು ಹಾರ್ನು ಒತ್ತಿಸಿ, ಬ್ರೇಕು ಮೆಟ್ಟಿಸಿ, ಸಹಿ ಹಾಕಿ ಊಟಕ್ಕೆ ಹೋಗುವವರು. ಈ ವರ್ಷದವರು ಹೊಸಬರು, ಮೈಸೂರು ಕಡೆಯವರು. ಅವರು ಬಾನೆಟ್ ಎತ್ತಲು ಹೇಳಿದರು. ಬಟ್ಟೆಗೆ ಸೀಮೆಎಣ್ಣೆ ಹಾಕಿ ಒಳಗೆ ಒಂದು ಕಡೆ ಉಜ್ಜಿದರು. ಮಣ್ಣು ಹೋಯಿತು, ಗ್ರೀಸು ಹೋಯಿತು, ಅದರ ಅಡಿಯ ಕರಿ ಬಣ್ಣವೂ ಸ್ವಲ್ಪ ಹೋಯಿತು. ಆಮೇಲೆ ಒಂದು ತೆಳು ಕಾಗದ ಇಟ್ಟು ಅದರ ಮೇಲೆ ಪೆನ್ಸಿಲು ತಿಕ್ಕಿದರು. ಕಾಗದದಲ್ಲಿ ಅಕ್ಷರಗಳೂ ಅಂಕೆಗಳೂ ಬಿಳಿಯಾಗಿ ಎದ್ದು ಬಂದವು. ಅದನ್ನು ಹಾಜಬ್ಬರ ಆರ್.ಸಿ. ಪುಸ್ತಕದ ಪಕ್ಕ ಹಿಡಿದು ತುಂಬಾ ಹೊತ್ತು ನೋಡಿದರು.

"ಈ ಗಾಡಿ ಎಲ್ಲಿ ತಗೊಂಡ್ರಿ?"

"ಮಂಗಳೂರಲ್ಲಿ ಸಾರ್. ಐವತ್ತನಾಲ್ಕರಲ್ಲಿ. ಹೊಸತೇ ತೆಗೆದದ್ದು."

"ಅದು ಇದಲ್ಲ."

ಹಾಜಬ್ಬ ಕಾರಿನ ಹಿಂದಕ್ಕೆ ಹೋಗಿ ನಂಬರ್ ಪ್ಲೇಟು ನೋಡಿ ಬಂದರು. "ನಂಬರು ಸರಿ ಉಂಟಲ್ಲ ಸಾರ್."

"ಅದು ಸರ್ಕಾರ ಕೊಟ್ಟ ನಂಬರು. ಎರಡು ಸ್ಕ್ರೂ ಬಿಚ್ಚಿದ್ರೆ ಯಾವ ಗಾಡಿಗೆ ಬೇಕಾದ್ರೂ ಹಾಕಬಹುದು. ಇದು ಚಾಸಿ ನಂಬರು. ಕಾರ್ಖಾನೆಯಲ್ಲಿ ಹೊಡೆದದ್ದು, ಸುಳ್ಳು ಹೇಳಲ್ಲ." ಇನ್ಸ್‌ಪೆಕ್ಟರರು ಪೆನ್ಸಿಲಿನಿಂದ ತೋರಿಸಿದರು. "ಮೊದಲಿನ ಅಕ್ಷರಗಳು ಇದು ಯಾವ ನಮೂನೆ ಗಾಡಿ ಅಂತ ಹೇಳ್ತವೆ. ಅದು ಸರಿಯಾಗಿದೆ, ಲ್ಯಾಂಡ್‌ಮಾಸ್ಟರ್. ಕೊನೇ ಅಂಕೆಗಳು ಸಾಲಿನಲ್ಲಿ ಎಷ್ಟನೇ ಗಾಡಿ ಅಂತ ಹೇಳ್ತವೆ. ನಿಮ್ಮ ಪುಸ್ತಕದಲ್ಲಿ ಮುನ್ನೂರ ತೊಂಬತ್ತೆರಡು ಅಂತ ಮುಗಿಯುತ್ತೆ. ಇಲ್ಲಿ ಐನೂರ ಹದಿನೆಂಟು."

"ಅಂದರೆ ಇದು ನನ್ನದಕ್ಕಿಂತ ಹೊಸತಾ?"

"ಕೆಲವು ವಾರ."

"ಹಾಗಾದರೆ ನಷ್ಟ ಆಗಲಿಲ್ಲ."

"ಕದ್ದ ಗಾಡಿಗಳೂ ಹೀಗೇ ಇರ್ತವೆ," ಎಂದರು ಇನ್ಸ್‌ಪೆಕ್ಟರರು. ದನಿಯಲ್ಲಿ ಸಿಟ್ಟಿರಲಿಲ್ಲ. ತಾನು ಶನಿವಾರದವರೆಗೆ ಇಲ್ಲೇ ಕ್ಯಾಂಪು ಇರುವುದಾಗಿಯೂ, ಅಷ್ಟರಲ್ಲಿ ಇದು ಯಾರದ್ದೆಂದು ತಿಳಿಯದಿದ್ದರೆ ಪೊಲೀಸರಿಗೆ ಬರೆಯುವುದಾಗಿಯೂ ಹೇಳಿ ಪೆನ್ಸಿಲಿನ ಅಚ್ಚನ್ನು ಹಾಜಬ್ಬರ ಕೈಗೆ ಕೊಟ್ಟರು. ತನಗೆಂದು ಇನ್ನೊಂದು ತೆಗೆದುಕೊಂಡರು.

ಹಾಜಬ್ಬ ಹೊಳೆಯ ಬದಿಗೆ ಹೋಗಿ ಕಾರಿನೊಳಗೇ ಕೂತರು. ಐವತ್ತೆಂಟರ ಮಳೆಗಾಲಕ್ಕೆ ಮೊದಲು ಬಂಟ್ವಾಳದ ವಿಲ್ಲಿ ಪೊರ್ಬುಗಳ ಗ್ಯಾರೇಜಿಗೆ ಕಾರನ್ನು ಬಣ್ಣ ಹೊಡೆಸಲು ಬಿಟ್ಟದ್ದು ಅವರಿಗೆ ನೆನಪಿತ್ತು. ಅಲ್ಲಿ ಪಕ್ಕದಲ್ಲಿ ಇನ್ನೊಂದು ಕರಿ ಲ್ಯಾಂಡ್‌ಮಾಸ್ಟರ್ ನಿಂತಿತ್ತು. ಪೊರ್ಬುಗಳು ಎರಡಕ್ಕೂ ಒಂದೇ ಡಬ್ಬಿಯ ಬಣ್ಣ ಹೊಡೆದು, ಎರಡಕ್ಕೂ ಒಂದೇ ಕಂದು ರೆಕ್ಸಿನಿನ ಸೀಟು ಹೊಲಿಸಿದ್ದರು. ಬಿಚ್ಚಿದ ನಾಲ್ಕು ನಂಬರ್ ಪ್ಲೇಟುಗಳು ಗೋಡೆಗೆ ಒರಗಿದ್ದವು. ಮೈಲು ತೋರಿಸುವ ಮುಳ್ಳು ಎರಡು ಗಾಡಿಯಲ್ಲೂ ಮೊದಲೇ ಕೆಟ್ಟಿತ್ತು. ವಿಲ್ಲಿ ಪೊರ್ಬುಗಳನ್ನು ಕೇಳುವ ಎಂದರೆ ಅವರು ಗ್ಯಾರೇಜು ಮುಚ್ಚಿ ಮಗನ ಜೊತೆ ಆಫ್ರಿಕಕ್ಕೆ ಹೋಗಿದ್ದರು.

ಆ ಇನ್ನೊಂದು ಕಾರು ಲಾಯಿಲದ ಶೀನಪ್ಪ ಹೆಗ್ಡೆಯವರದು. ಹೆಗ್ಡೆಯವರು ತೀರಿಹೋಗಿದ್ದರು. ಕಾರು ಅವರ ಹೆಂಡತಿ ಪೂವಮ್ಮನ ಮನೆಯಲ್ಲಿತ್ತು. ಅದನ್ನು ಓಡಿಸುತ್ತಿದ್ದವರು ಪೂವಮ್ಮನ ತಮ್ಮ ಕಮಲಾಕ್ಷ. ಗಂಡ ಕೂರುತ್ತಿದ್ದ ಕಾರೆಂದು ಪೂವಮ್ಮ ಅದನ್ನು ದೇವರ ಹಾಗೆ ಇಟ್ಟುಕೊಂಡಿದ್ದಾರೆ, ಹತ್ತುವುದೇ ಅಪರೂಪ ಎಂದು ಪೇಟೆಯಲ್ಲಿ ಜನ ಹೇಳುತ್ತಿದ್ದರು. ಅಂಥವರ ಹತ್ತಿರ ಹೋಗಿ ಅದು ನನ್ನ ಕಾರು ಎಂದು ಹೇಗೆ ಹೇಳುವುದು ಎಂದು ಹಾಜಬ್ಬರಿಗೆ ತಿಳಿಯಲಿಲ್ಲ. ಹೇಳದಿದ್ದರೆ ತಾನು ಕಳ್ಳನಾಗುವುದು ಮಾತ್ರ ತಿಳಿದಿತ್ತು. ಅವರು ಲಾಯಿಲಕ್ಕೆ ಹೋದರು.

ಕಮಲಾಕ್ಷ ಅಂಗಳದಲ್ಲಿ ನಿಂತು ಎಲ್ಲವನ್ನೂ ಕೇಳಿದರು. ಅವರಿಗೆ ನಂಬಿಕೆ ಬರಲಿಲ್ಲ. ಹಾಜಬ್ಬರ ಟ್ಯಾಕ್ಸಿ ಮನೆಯೆದುರು ಹೋಗುವಾಗೆಲ್ಲ, "ಹಾಜಬ್ಬನಿಗೆ ಗಾಡಿ ಇಟ್ಟುಕೊಳ್ಳಲು ಗೊತ್ತಿಲ್ಲ. ನಮ್ಮದೂ ಅದೇ ವರ್ಷದ್ದು, ಒಂದು ಶಬ್ದ ಉಂಟಾ ನೋಡಿ," ಎಂದು ಬಂದವರಿಗೆ ತೋರಿಸುತ್ತಿದ್ದವರು ಅವರು.

"ನೋಡುವ," ಎಂದು ಮನೆಯ ಕಾರಿನ ಬಾನೆಟ್ ತಾವೇ ಎತ್ತಿದರು. ಸೀಮೆಎಣ್ಣೆ ಬಂತು, ಕಾಗದ ಬಂತು. ಮುನ್ನೂರ ತೊಂಬತ್ತೆರಡು ಎದ್ದಿತು. ಒಳಗಿನಿಂದ ಅವರ ಆರ್.ಸಿ. ಪುಸ್ತಕ ತಂದು ನೋಡಿದರೆ ಅದರಲ್ಲಿ ಐನೂರ ಹದಿನೆಂಟು.

ಕಮಲಾಕ್ಷ ಹಾಜಬ್ಬರ ಕಾರಿಗೆ ಒಂದು ಸುತ್ತು ಬಂದರು. ಮಡ್‌ಗಾರ್ಡಿನ ಜಜ್ಜಿದ ಜಾಗವನ್ನು ಬೆರಳಿನಿಂದ ಮುಟ್ಟಿದರು. "ಇದು ನಮ್ಮದು," ಎಂದರು.

"ಹೌದು ಧನಿ."

"ಆಡು ತುಂಬಿಸಿದ್ದೀಯ ಇದರಲ್ಲಿ."

"ಬಕ್ರೀದಿಗೆ ಮಾತ್ರ ಧನಿ."

ಪೂವಮ್ಮ ಚಾವಡಿಯ ಮೆಟ್ಟಿಲಲ್ಲಿ ನಿಂತಿದ್ದರು. ಅವರು ಕೇಳಿದ್ದು ಬೇರೆಯೇ. "ಅದಲುಬದಲಾದದ್ದು ಯಾವಾಗ?"

"ಬಣ್ಣ ಹೊಡೆಸಿದಾಗ ಅಮ್ಮ. ನಿಮ್ಮ ಮಗಳು ಕಾಂತಿಯ ಮದುವೆಗೆ ಮೊದಲು."

"ಅಂದರೆ ಅವರು ಇರುವಾಗಲೇ."

"ಹೌದು."

ಹೆಗ್ಡೆಯವರು ಆಮೇಲೆ ಒಂದು ವರ್ಷ ಬದುಕಿದ್ದರು. ಬಣ್ಣ ಹೊಡೆಸಿದ ಮೇಲೆ ಗಾಡಿ ಹಗುರ ಓಡುತ್ತದೆ, ಪೊರ್ಬುಗಳ ಕೈಗುಣ ಎಂದು ಊರಿಡೀ ಹೊಗಳಿದ್ದರು. ಪೂವಮ್ಮನಿಗೆ ಅದು ನೆನಪಾಯಿತೋ ಏನೋ, ಮುಖದಲ್ಲಿ ನಗುವಿನಂಥದ್ದು ಒಂದು ಬಂದು ಹೋಯಿತು.

"ನಾಳೆ ನಾನು ಮೂಡಬಿದ್ರೆಗೆ ಮಗಳ ಮನೆಗೆ ಹೋಗಬೇಕು," ಎಂದರು. "ನಿನಗೆ ಬಿಡುವಿದ್ದರೆ ಇದರಲ್ಲಿ ಕರೆದುಕೊಂಡು ಹೋಗು."

ಮರುದಿನ ಕಮಲಾಕ್ಷ ಮುಂದೆ ಹಾಜಬ್ಬರ ಪಕ್ಕ ಕೂತರು, ಪೂವಮ್ಮ ಹಿಂದೆ. ಆ ಹಿಂದಿನ ಎಡ ಬಾಗಿಲು ಸುಮ್ಮನೆ ಎಳೆದರೆ ಕೂರುತ್ತಿರಲಿಲ್ಲ. ಹಾಜಬ್ಬ ಮೂರು ವರ್ಷದಿಂದ ಪ್ರತಿ ಗಿರಾಕಿಗೂ ಅದನ್ನು ಹೇಳಿ ಹೇಳಿ ಸಾಕಾಗಿದ್ದರು. ಇವರಿಗೂ ಹೇಳಬೇಕೆಂದು ತಿರುಗುವಷ್ಟರಲ್ಲಿ ಪೂವಮ್ಮ ಹಿಡಿಯನ್ನು ಕೊಂಚ ಮೇಲೆತ್ತಿ ಬಾಗಿಲು ಹಾಕಿಯಾಗಿತ್ತು. ಹಾಕಿದ ಮೇಲೆ ತನ್ನ ಕೈಯನ್ನೇ ನೋಡುತ್ತ ಕೂತರು. ಹೊಸ ಕಾರು ಮನೆಗೆ ಬಂದ ವಾರವೇ ಹೆಗ್ಡೆಯವರು ಅದನ್ನು ಹಿಂದಕ್ಕೆ ಬಿಡುವಾಗ ತೆರೆದ ಬಾಗಿಲನ್ನು ಗೇಟಿನ ಕಂಬಕ್ಕೆ ತಾಗಿಸಿದ್ದರು. ಯಾರಿಗೂ ಹೇಳಬೇಡ ಎಂದಿದ್ದರು. ಆ ಬಾಗಿಲು ಬಣ್ಣ ಹೊಡೆಸಿದ ಮೇಲೆ ಸರಿಯಾಯಿತೆಂದು ಪೂವಮ್ಮ ತಿಳಿದಿದ್ದರು.

ಗುರುವಾಯನಕೆರೆ ದಾಟಿದ ಮೇಲೆ ಹಾಜಬ್ಬ ತಾನಾಗಿ ಬಾಯಿಬಿಟ್ಟರು. ರಾತ್ರಿಯೇ ಅವರ ಹೆಂಡತಿ ಸಫಿಯಮ್ಮ, ಏನೂ ಮುಚ್ಚಿಡಬೇಡಿ ಎಂದಿದ್ದರಂತೆ.

"ಅಮ್ಮ, ಒಂದು ವಿಷಯ ಉಂಟು. ಈ ಗಾಡಿಯಲ್ಲಿ ಎರಡು ಹೆರಿಗೆ ಆಗಿದೆ. ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ದಾರಿಯಲ್ಲೇ ಆದದ್ದು. ಒಂದು ಕೊಕ್ಕಡದಿಂದ ಬರುವಾಗ, ಇನ್ನೊಂದು ಇಲ್ಲೇ ಮುಂದೆ, ವೇಣೂರಿನ ಹತ್ತಿರ. ನಾನು ಸೀಟು ಚೆನ್ನಾಗಿ ತೊಳೆದಿದ್ದೇನೆ. ಆದರೂ ನಿಮ್ಮ ಗಾಡಿ, ನಿಮಗೆ ಗೊತ್ತಿರಬೇಕು."

ಕಮಲಾಕ್ಷ ಸೀಟಿನಲ್ಲಿ ಸ್ವಲ್ಪ ಮುಂದಕ್ಕೆ ಸರಿದು ಕೂತರು.

"ಮಕ್ಕಳು?" ಎಂದರು ಪೂವಮ್ಮ.

"ಕೊಕ್ಕಡದ್ದು ಗಂಡು. ವೇಣೂರಿನದ್ದು ಹೆಣ್ಣು. ಎರಡೂ ಚೆನ್ನಾಗಿವೆ. ಹೆಣ್ಣು ಮಗು ದಾರಿಯಲ್ಲಿ ನನ್ನನ್ನು ಕಂಡರೆ ಓಡಿ ಬರುತ್ತದೆ."

ಪೂವಮ್ಮ ಕಿಟಕಿಯ ಕಡೆಗೆ ತಿರುಗಿದರು. "ನಾನೂ ಹೇಳಬೇಕಾಗುತ್ತದೆ," ಎಂದರು. "ನಿನ್ನ ಗಾಡಿಯಲ್ಲಿ ಇವರು ಹೋದರು. ಮಂಗಳೂರಿಗೆ ಕರೆದುಕೊಂಡು ಹೋಗುತ್ತಿದ್ದೆವು. ಬಂಟ್ವಾಳದ ಹತ್ತಿರ ಹೊಳೆಯ ಸಂಕ ದಾಟುವ ಮೊದಲೇ. ತಲೆ ನನ್ನ ಮಡಿಲಲ್ಲಿತ್ತು. ತಮ್ಮ ಗಾಡಿ ಬಿಡುತ್ತಿದ್ದ, ಅವನಿಗೆ ಗೊತ್ತಿರಲಿಲ್ಲ. ನಾನು ಆಸ್ಪತ್ರೆ ಮುಟ್ಟುವವರೆಗೆ ಹೇಳಲಿಲ್ಲ. ಹೇಳಿದರೆ ಅವನ ಕೈ ನಡುಗಬಹುದು ಅಂತ."

ಅಕ್ಕನ ಬಾಯಿಂದ ಕಮಲಾಕ್ಷ ಇದನ್ನು ಕೇಳಿದ್ದು ಅದೇ ಮೊದಲು.

"ಅದರ ಮೇಲೆ ಆ ಗಾಡಿ ಹತ್ತುವುದೆಂದರೆ ನನಗೆ ಆಗುವುದಿಲ್ಲ," ಎಂದರು ಪೂವಮ್ಮ. "ಹತ್ತಿದರೆ ಸಂಕದವರೆಗೆ ಹೋದ ಹಾಗೆಯೇ ಆಗುತ್ತದೆ. ಮಗಳ ಮನೆಗೆ ಬಸ್ಸಿನಲ್ಲಿ ಹೋಗುತ್ತೇನೆ. ಜನ ಭಕ್ತಿ ಅಂತ ತಿಳಿದಿದ್ದಾರೆ. ತಿಳಿದುಕೊಳ್ಳಲಿ ಅಂತ ಬಿಟ್ಟೆ."

ಹಾಜಬ್ಬ ವೇಣೂರಿನ ತಿರುವಿನಲ್ಲಿ ಗೇರು ಇಳಿಸಿದರು. "ನನಗೆ ತೊಂದರೆ ಇಲ್ಲ ಅಮ್ಮ," ಎಂದರು. "ಟ್ಯಾಕ್ಸಿ ಅಂದಮೇಲೆ ಎಲ್ಲರೂ ಹತ್ತುತ್ತಾರೆ."

ಶನಿವಾರ ಮೂವರೂ ಎರಡು ಕಾರು ತೆಗೆದುಕೊಂಡು ಬಂಗಲೆಗೆ ಹೋದರು. ಇನ್ಸ್‌ಪೆಕ್ಟರರು ಎರಡು ಅಚ್ಚುಗಳನ್ನೂ ಎರಡು ಪುಸ್ತಕಗಳನ್ನೂ ಮೇಜಿನ ಮೇಲೆ ಹರಡಿ ನೋಡಿ, ಕಳ್ಳತನವಲ್ಲವೆಂದು ಒಪ್ಪಿದರು. ಎರಡು ದಾರಿ ಇದೆ ಎಂದರು. ಪ್ಲೇಟು ಬದಲಿಸಿ ಅವರವರ ಗಾಡಿ ಅವರವರು ತೆಗೆದುಕೊಂಡು ಹೋಗಬಹುದು. ಇಲ್ಲವೇ ಈಗ ಇರುವಂತೆಯೇ ಇಟ್ಟುಕೊಂಡು ಇಬ್ಬರೂ ಹೆಸರು ಬದಲಾವಣೆಗೆ ಬರೆದುಕೊಡಬಹುದು.

"ಎರಡನೆಯದೇ ಆಗಬಹುದು," ಎಂದರು ಕಮಲಾಕ್ಷ. "ನಾವು ಇಷ್ಟು ಚೆನ್ನಾಗಿ ಇಟ್ಟುಕೊಂಡ ಗಾಡಿ."

"ಧನಿ ಹೇಳುವುದು ಸರಿ," ಎಂದರು ಹಾಜಬ್ಬ. "ನನ್ನ ಕೈಯಲ್ಲಿದ್ದದ್ದು ಸವೆದಿದೆ. ಅದನ್ನು ಕೊಟ್ಟು ಇದನ್ನು ತೆಗೆದುಕೊಂಡರೆ ನನಗೆ ಸಮಾಧಾನ ಇಲ್ಲ."

ಇನ್ಸ್‌ಪೆಕ್ಟರರು ಪೆನ್ನು ತೆಗೆದರು. ಪೂವಮ್ಮ ಕೂತಲ್ಲಿಂದ ಎದ್ದರು.

"ಸ್ವಾಮಿ, ಆ ನಂಬರು ಸುಳ್ಳು ಹೇಳುವುದಿಲ್ಲ ಅಂತ ನೀವು ಹೇಳಿದ್ದಂತೆ."

"ಸುಳ್ಳು ಹೇಳಲ್ಲಮ್ಮ."

"ಹಾಗಾದರೆ ನಮ್ಮ ಮನೆಯಲ್ಲಿರುವುದು ನಮ್ಮ ಗಾಡಿ ಅಲ್ಲ. ನಮ್ಮದಲ್ಲದ್ದನ್ನು ಇಟ್ಟುಕೊಂಡು ನಾವು ಏನು ಮಾಡುವುದು? ಪ್ಲೇಟು ಬದಲಿಸಲು ಹೇಳಿ."

"ಅಕ್ಕ, ಆಡು..." ಎಂದರು ಕಮಲಾಕ್ಷ.

"ಬಕ್ರೀದಿಗೆ ಮಾತ್ರ ಅಂತ ಹೇಳಿದ್ದಾನಲ್ಲ," ಎಂದರು ಪೂವಮ್ಮ.

ಬಂಗಲೆ ನೋಡಿಕೊಳ್ಳುವ ಮೇಟಿಯ ಹತ್ತಿರ ಸ್ಕ್ರೂಡ್ರೈವರು ಇರಲಿಲ್ಲ. ಇನ್ಸ್‌ಪೆಕ್ಟರರು ತಮ್ಮ ಪೆನ್ಸಿಲು ಕೆತ್ತುವ ಚೂರಿ ಕೊಟ್ಟರು. ಹಾಜಬ್ಬ ಒಂದು ಕಾರಿನ ಪ್ಲೇಟು ಬಿಚ್ಚಿದರು, ಕಮಲಾಕ್ಷ ಇನ್ನೊಂದರದ್ದು. ಈ ಸಲ ಯಾವುದು ಯಾವುದಕ್ಕೆ ಎಂದು ಇಬ್ಬರೂ ಗಟ್ಟಿಯಾಗಿ ಹೇಳಿಕೊಂಡೇ ಕೂರಿಸಿದರು. ಮತ್ತೂ ಅನುಮಾನ ಬಂದು ಇನ್ಸ್‌ಪೆಕ್ಟರರು ಎರಡೂ ಬಾನೆಟ್ ಎತ್ತಿಸಿ ನೋಡಿದರು.

ಹಾಜಬ್ಬ ತನ್ನ ಹಳೆಯ ಕಾರಿಗೆ ಹತ್ತಿ ಕೂತರು. ನಾಲ್ಕು ವರ್ಷ ಓಡಿಸಿದ್ದ ಗಾಡಿ, ಆದರೆ ಕ್ಲಚ್ಚು ಯಾರದ್ದೋ ಎಂಬಂತೆ ಕಾಲಿಗೆ ಸಿಕ್ಕಿತು. ಹಿಂದಿನ ಸೀಟಿನ ಕಡೆ ಒಮ್ಮೆ ತಿರುಗಿ ನೋಡಿ, ಬಾಯಲ್ಲೇ ಒಂದು ದುವಾ ಹೇಳಿ ಸ್ಟ್ಯಾಂಡಿಗೆ ಹೊರಟರು. ಮೊದಲ ಬಾಡಿಗೆ ಧರ್ಮಸ್ಥಳಕ್ಕೆ ಸಿಕ್ಕಿತು.

ಪೂವಮ್ಮ ಆ ಬೇಸಿಗೆಯಿಂದ ಬುಧವಾರ ಬುಧವಾರ ಮೂಡಬಿದ್ರೆಗೆ ಕಾರಿನಲ್ಲೇ ಹೋಗತೊಡಗಿದರು. ಗಾಡಿ ಎಲ್ಲ ಕಡೆ ಸದ್ದು ಮಾಡುತ್ತಿತ್ತು. ಕಮಲಾಕ್ಷ ಅದರ ಬಗ್ಗೆ ಯಾರ ಹತ್ತಿರವೂ ಏನೂ ಹೇಳಲಿಲ್ಲ. ಅವರಿಗೆ ಇದ್ದ ಕಷ್ಟ ಬೇರೆ. ದಾರಿಯ ಜನಕ್ಕೆ ಆ ಸದ್ದು ಮೂರು ವರ್ಷದಿಂದ ಗೊತ್ತು. ಕೇಳಿದ ಕೂಡಲೇ ಗದ್ದೆಯಿಂದ ಎದ್ದು ಬಂದು ಕೈ ಅಡ್ಡ ಹಿಡಿಯುತ್ತಿದ್ದರು. ಇದು ಟ್ಯಾಕ್ಸಿ ಅಲ್ಲ ಎಂದು ಕಮಲಾಕ್ಷ ಕೆಲವು ವಾರ ವಿವರಿಸಿ ನೋಡಿದರು.

ಒಂದು ಬುಧವಾರ ಗುರುವಾಯನಕೆರೆಯ ಆಚೆ ಒಬ್ಬ ಹೆಂಗಸು ಕೋಳಿಯ ಬುಟ್ಟಿ ಹಿಡಿದು ಕಾರು ನಿಲ್ಲಿಸಿದಳು. ಕಮಲಾಕ್ಷ ವಿವರಿಸಲು ಬಾಯಿ ತೆರೆಯುವುದರೊಳಗೆ ಪೂವಮ್ಮ ಬಲಕ್ಕೆ ಸರಿದು ಜಾಗ ಮಾಡಿದರು. ವೇಣೂರಿನಲ್ಲಿ ಇಳಿಯುವಾಗ ಆ ಹೆಂಗಸು, ಮುಂದಿನ ವಾರವೂ ಇದೇ ಹೊತ್ತಿಗೆ ಬರುತ್ತೀರಾ ಎಂದು ಕಮಲಾಕ್ಷರನ್ನು ಕೇಳಿದಳು.

"ಬರುತ್ತೇವೆ," ಎಂದರು ಪೂವಮ್ಮ.