ಇನ್ನೂ ಹಳದಿ ಇದೆ

ಹೆರಿಗೆ ಆಸ್ಪತ್ರೆಯ ದಾದಿ ‘ಗಂಡು’ ಎಂದಾಗ ಬಖ್ಮಲ್ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ಒಂಬತ್ತು ತಿಂಗಳೂ ಅವಳು ದೇವರನ್ನು ಬೇಡಿದ್ದು ಹೆಣ್ಣಿಗಾಗಿ. ಕೆಳಗೆ ಕಿಟಕಿಯಡಿ ಅವಳ ಗಂಡ ಅಮ್ನೂನ್ ಕ್ಷೌರದಂಗಡಿಯ ಬಿಳಿ ಅಂಗಿಯಲ್ಲೇ ಓಡಿಬಂದು ಕೈಯೆತ್ತಿ ಕುಣಿಯುತ್ತಿದ್ದ. ಅತ್ತೆ ಬುಲೋರ್ ಸಮರ್ಕಂದಕ್ಕೆಲ್ಲ ಕೇಳುವ ಹಾಗೆ, “ನಮ್ಮ ಯಜಮಾನ್ರು ವಾಪಸ್ ಬಂದ್ರು!” ಎಂದು ಕೂಗುತ್ತಿದ್ದಳು. ಯುದ್ಧಕ್ಕೆ ಹೋದ ಅವಳ ಗಂಡ ಮಲ್ಕಿಯೇಲ್ ಎಲ್ಲಿ ಮಣ್ಣಾದನೆಂದು ಇವತ್ತಿಗೂ ಯಾರಿಗೂ ತಿಳಿಯದು. ಆ ಹೆಸರನ್ನು ಮೊಮ್ಮಗನಿಗೆಂದು ಅವಳು ಸೊಸೆ ಬಸಿರಾದ ದಿನವೇ ಎತ್ತಿಟ್ಟಿದ್ದಳು.

ಎಲ್ಲರ ಹಿಂದೆ ಮರದ ನೆರಳಿನಲ್ಲಿ ಬಖ್ಮಲಳ ಅಕ್ಕ ಸಿವ್ಯೊ ನಿಂತಿದ್ದಳು. ಅವಳು ಕೂಗಲಿಲ್ಲ, ಕೈಬೀಸಲೂ ಇಲ್ಲ. ತಂಗಿಯ ಮುಖ ಕಿಟಕಿಯಲ್ಲಿ ಕಂಡಾಗ ತಲೆವಸ್ತ್ರದ ಅಂಚನ್ನು ಬಾಯಿಗೆ ಒತ್ತಿಕೊಂಡಳು, ಅಷ್ಟೆ.

ಸಿವ್ಯೊಗೂ ಒಬ್ಬ ಮಗನಿದ್ದ. ನಿಸ್ಸಿಮ್ ಎಂದು ಹೆಸರು. ಹುಟ್ಟಿದ ಎಂಟನೆಯ ದಿನ ಮುಲ್ಲೊ ಹಿಜ್ಕಿಯೊ ಅವನಿಗೆ ಸುನ್ನತಿ ಮಾಡಿ ಹೆಸರಿಟ್ಟರು. (ನಮ್ಮ ಊರಿನಲ್ಲಿ ಓದಿದ ಯೆಹೂದಿಯನ್ನೂ ಮುಲ್ಲೊ ಎಂದೇ ಕರೆಯುವುದು, ಹೆಸರಿಗೆ ಯಾರಪ್ಪನ ಗಂಟು ಹೋಗುತ್ತದೆ?) ಮಧ್ಯಾಹ್ನದ ಹೊತ್ತಿಗೆ ಕಟ್ಟಿದ ಬಟ್ಟೆ ತೊಯ್ದಿತು. ಬದಲಾಯಿಸಿದರು, ಅದೂ ತೊಯ್ದಿತು. ಒತ್ತಿ ಹಿಡಿದರು, ಪುಡಿ ಹಾಕಿದರು, ಕೀರ್ತನೆ ಓದಿದರು. ಆಸ್ಪತ್ರೆಗೆ ಒಯ್ದರೆ ಯಾರು ಕೊಯ್ದರೆಂದು ಕೇಳುತ್ತಾರೆ, ಸರ್ಕಾರ ಬೇಡವೆಂದ ಕೆಲಸ, ಮುಲ್ಲೊ ಜೈಲಿಗೆ ಹೋಗುತ್ತಾರೆ ಎಂದು ಗಂಡಸರು ಅಂಗಳದಲ್ಲಿ ಗುಸುಗುಸು ಮಾತಾಡುತ್ತ ಹೊತ್ತು ಕಳೆದರು. ಕೊನೆಗೆ ಒಯ್ದರು. ಆಗ ಮಗುವಿನ ತುಟಿ ಮೇಣದ ಬಣ್ಣಕ್ಕೆ ತಿರುಗಿತ್ತು. ಮುಲ್ಲೊ ದೇವರ ಇಚ್ಛೆ ಎಂದರು. ಬೀದಿಯ ಹೆಂಗಸರು ಹಾಗೆನ್ನಲಿಲ್ಲ. ತಾಯಿಯ ಕೈ ಸಡಿಲ, ಬಟ್ಟೆಯನ್ನು ಬಿಗಿಯಾಗಿ ಕಟ್ಟಲಿಲ್ಲ ಎಂದರು. ಅಂದಿನಿಂದ ಸಿವ್ಯೊ ಮುಲ್ಲೊ ಎದುರಾದರೆ ಬೀದಿಯ ಆಚೆ ಬದಿಗೆ ದಾಟುತ್ತಾಳೆ. ಅವಳು ಮತ್ತೆ ಹೆರಲಿಲ್ಲ.

ಬಖ್ಮಲಳಿಗೆ ಉಳಿದಿದ್ದ ಆಸೆ ಒಂದೇ. ಎಂಟನೆಯ ದಿನ ಮಗುವಿನ ಮೈ ಹಳದಿಯಾಗಿದ್ದರೆ ಚೂರಿ ಮುಟ್ಟುವಂತಿಲ್ಲ. ಹಳದಿ ಇಳಿದು ಮೈಗೆ ರಕ್ತ ತುಂಬುವ ತನಕ ಕಾಯಬೇಕು, ಅದು ಹಿಂದಿನಿಂದ ಬಂದ ಶಾಸ್ತ್ರ. ಬೆಳಗಾದರೆ ಅವಳು ಮಗುವನ್ನು ಕಿಟಕಿಯ ಬಳಿ ಬಿಚ್ಚಿ ಹಿಡಿದು ನೋಡುತ್ತಿದ್ದಳು. ಕಣ್ಣಿನ ಬಿಳಿ ನೋಡಿದಳು, ಮೂಗಿನ ತುದಿ ಒತ್ತಿ ನೋಡಿದಳು. ಪಕ್ಕದ ಹಾಸಿಗೆಗಳ ಕೂಸುಗಳೆಲ್ಲ ಹಳದಿ, ಇವನೊಬ್ಬ ದಾಳಿಂಬೆ ಹೂ! ತನ್ನ ಕೂಸಿಗೆ ಕಾಮಾಲೆ ಬರಲೆಂದು ಹರಕೆ ಹೊತ್ತ ತಾಯಿ ಅವಳೊಬ್ಬಳೇ ಇರಬೇಕು.

ಮನೆಗೆ ಬಂದ ದಿನ ಅವಳು ಬಾಯಿಬಿಟ್ಟಳು. “ಅತ್ತೆ, ಇವನಿಗೆ ಬೇಡ. ನಮ್ಮಕ್ಕನ ಮಗು ಹೋಗಿದ್ದು ಗೊತ್ತಲ್ಲ. ನಮ್ಮ ರಕ್ತದಲ್ಲೇ ಏನೋ ಇದೆ.”

ಬುಲೋರ್ ಹಸಿರು ಚಹಾ ಬಗ್ಗಿಸುತ್ತಿದ್ದವಳು ಹಾಗೇ ನಿಂತಳು. “ನಿಮ್ಮಕ್ಕನ ಕೈಯಲ್ಲಿತ್ತು ಅದು, ರಕ್ತದಲ್ಲಲ್ಲ. ಹೆಸರಿಲ್ಲದ ಮಗೂನ ಏನಂತ ಕರೀಲಿ ನಾನು? ಏಯ್ ಅಂತಲಾ? ಚೂರಿ ಆಗದೆ ಹೆಸರಿಡೋ ಹಾಗಿಲ್ಲ.”

“ಆಸ್ಪತ್ರೆ ಡಾಕ್ಟರಮ್ಮನೂ ಬೇಡ ಅಂದ್ರು.”

“ಅವಳು ಸರ್ಕಾರದವಳು, ಇನ್ನೇನಂತಾಳೆ?”

ಅಮ್ನೂನ್ ತಲೆ ತಗ್ಗಿಸಿ ಕೂತಿದ್ದ. ಅವನಿಗೂ ಒಳಗೆ ಪುಕುಪುಕು. ಆದರೆ ಆ ಕಾಲ ಹಾಗಿತ್ತು. ಸರ್ಕಾರ ಪ್ರಾರ್ಥನಾಮಂದಿರಗಳಿಗೆ ಬೀಗ ಹಾಕಿತ್ತು, ಪುಸ್ತಕಗಳನ್ನು ಒಯ್ದಿತ್ತು. ಜನರ ಕೈಯಲ್ಲಿ ಉಳಿದದ್ದು ಈ ಒಂದು ಚೂರಿ. ಬಾಗಿಲು ಹಾಕಿಕೊಂಡು, ಮದುವೆಯ ನೆಪ ಹೇಳಿ, ಡೋಲು ಬಡಿಸಿ, ಹೇಗೋ ನಡೆಸುತ್ತಿದ್ದರು. ಬೇಡವೆಂದವನನ್ನು ಮಗನ ಮೇಲೆ ಪ್ರೀತಿ ಇರುವವನು ಎಂದು ಯಾರೂ ಹೇಳುತ್ತಿರಲಿಲ್ಲ, ಸರ್ಕಾರಕ್ಕೆ ಹೆದರಿದ ಹೇಡಿ ಎನ್ನುತ್ತಿದ್ದರು. ಅಮ್ನೂನ್‌ಗೆ ಈ ಮಾತು ಬಿಸಿತುಪ್ಪ.

“ಮುಲ್ಲೋರು ಏನಂತಾರೋ ಹಾಗೆ,” ಎಂದ ಅವನು. ಗಂಡಸರ ಧೈರ್ಯವೆಲ್ಲ ಇಷ್ಟೇ ನೋಡಿ.

ಬಾಣಂತಿ ನಲವತ್ತು ದಿನ ಹೊಸಿಲು ದಾಟಬಾರದು. ಬಖ್ಮಲ್ ದಾಟಿದಳು. ಅತ್ತೆ ಬ್ರೆಡ್ಡಿಗೆ ಹೋದ ಹೊತ್ತಿನಲ್ಲಿ ಮಗುವನ್ನು ಸಿವ್ಯೊಳ ತೊಡೆಗೆ ಹಾಕಿ, ಶಾಲು ಹೊದ್ದು, ಮೂರನೆಯ ಗಲ್ಲಿಯಲ್ಲಿದ್ದ ಮುಲ್ಲೊ ಮನೆಗೆ ಹೋದಳು. ಮುಲ್ಲೊ ಹಿಜ್ಕಿಯೊ ದ್ರಾಕ್ಷಿ ಚಪ್ಪರದ ಕೆಳಗೆ ಕೂತು ಯಾರದೋ ಹರಿದ ಬೂಟು ಹೊಲಿಯುತ್ತಿದ್ದರು. ಲೋಕದ ಕಣ್ಣಿಗೆ ಅವರು ಚಮ್ಮಾರರು. ಅವಳನ್ನು ಕಂಡು ದಬ್ಬಳ ಕೆಳಗಿಟ್ಟರು.

“ಹಸಿ ಬಾಣಂತಿ ಹೀಗೆ ಬರಬಹುದಾ ತಾಯಿ? ಗಾಳಿ ಹೊಡೆಯುತ್ತೆ.”

“ನನಗೆ ಏನು ಹೊಡೆದರೂ ಪರವಾಗಿಲ್ಲ ಮುಲ್ಲೋರೆ. ನನ್ನ ಮಗನಿಗೆ ಬೇಡ ಅಂತ ಹೇಳೋಕೆ ಬಂದೆ.”

ಮುಲ್ಲೊ ಕೋಪಿಸಿಕೊಳ್ಳಲಿಲ್ಲ. ಈ ಮಾತಿಗೆ ಅವರು ಕಾಯುತ್ತಿದ್ದ ಹಾಗಿತ್ತು. “ಶಾಸ್ತ್ರ ಕುರುಡಲ್ಲ ಮಗಳೇ. ಹಿರಿಯರು ಎಲ್ಲ ಯೋಚನೆ ಮಾಡಿಟ್ಟಿದ್ದಾರೆ. ಅಕ್ಕತಂಗೀರಲ್ಲಿ ಒಬ್ಬಳ ಮಗ ಸುನ್ನತಿಯಿಂದ ಸತ್ತ, ಇನ್ನೊಬ್ಬಳ ಮಗನೂ ಸತ್ತ ಅಂದ್ರೆ, ಮೂರನೆಯವಳ ಮಗನಿಗೆ ಮಾಡೋ ಹಾಗಿಲ್ಲ. ಜೀವ ದೊಡ್ಡದು. ಆದರೆ ಒಂದು ಸಾವು ಸಾಕ್ಷಿ ಆಗಲ್ಲ. ಆಕಸ್ಮಿಕ ಇರಬಹುದು. ಎರಡು ಬೇಕು.”

ಬಖ್ಮಲ್ ಚಪ್ಪರದ ಕಂಬ ಹಿಡಿದುಕೊಂಡಳು. “ನಮ್ಮಕ್ಕನ ಮಗ ಒಂದು.”

“ಹೌದು.”

“ನನಗೆ ಇನ್ನೊಬ್ಬಳು ತಂಗಿ ಇದಾಳೆ, ಅವಳು ಮುಂದೆ ಗಂಡು ಹೆತ್ತರೆ ಅದು ಬದುಕುತ್ತೆ.”

ಮುಲ್ಲೊ ದಬ್ಬಳವನ್ನು ಮತ್ತೆ ಕೈಗೆತ್ತಿಕೊಂಡರು.

“ಹಾಗಾದ್ರೆ ನನ್ನ ಮಗ ಎರಡನೇ ಸಾಕ್ಷಿ. ಅವನು ಸತ್ತರೆ ನಿಮ್ಮ ಲೆಕ್ಕ ಸರಿಹೋಗುತ್ತೆ, ಅಲ್ವಾ? ಕಂಡೋರ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡಿದ ಹಾಗಾಯ್ತು!”

“ನಾನು ಬರೆದಿದ್ದಲ್ಲ ತಾಯಿ ಅದು.”

“ಬರೆದೋರು ಈಗಿಲ್ಲ. ಚೂರಿ ಇರೋದು ನಿಮ್ಮ ಕೈಯಲ್ಲಿ.”

ಅವಳು ಅತ್ತದ್ದು ದಾರಿಯಲ್ಲಿ. ಅವರ ಮುಂದೆ ಅಳಲಿಲ್ಲ. ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದಳು. ಬೈದಳು, ಕಾಲಿಗೆ ಬಿಸಿನೀರು ಹಾಕಿದಳು, ಮತ್ತೆ ಬೈದಳು.

ಎಂಟನೆಯ ದಿನ ಬಂತು. ಅಂಗಳದಲ್ಲಿ ದೊಡ್ಡ ಕಡಾಯಿಯಲ್ಲಿ ಪಲಾವ್ ಬೇಯುತ್ತಿತ್ತು. ಬೀದಿಯವರಿಗೆ ಅದು ಅಮ್ನೂನ್‌ನ ಹುಟ್ಟುಹಬ್ಬ. ಹೊರಗೆ ಒಬ್ಬ ಡೋಲು ಬಡಿಯುತ್ತಿದ್ದ, ಒಳಗಿನ ಅಳು ಬೀದಿಗೆ ಕೇಳಬಾರದಲ್ಲ. ಒಳಕೋಣೆಯಲ್ಲಿ, ಪ್ರತಿ ಸುನ್ನತಿಗೂ ಕಣ್ಣಿಗೆ ಕಾಣದೆ ಬರುವ ಪ್ರವಾದಿ ಎಲೀಯನಿಗೆಂದು ಒಂದು ಕುರ್ಚಿಗೆ ಚಿನ್ನದ ಜರಿಯ ಬಟ್ಟೆ ಹೊದಿಸಿ ಖಾಲಿ ಬಿಟ್ಟಿದ್ದರು. ಗಂಡಸರು ಟೋಪಿ ಸರಿಮಾಡಿಕೊಂಡು ನಿಂತಿದ್ದರು. ಬಖ್ಮಲ್ ಪಕ್ಕದ ಕೋಣೆಯ ಬಾಗಿಲಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಸಿವ್ಯೊ ಅವಳ ಎರಡೂ ಕೈಗಳನ್ನು ಹಿಡಿದುಕೊಂಡಿದ್ದಳು. ಆ ಕೈ ಸಡಿಲವಾಗಿರಲಿಲ್ಲ. ಬಖ್ಮಲಳ ಬೆರಳುಗಳು ನೋಯುವಷ್ಟು ಬಿಗಿಯಾಗಿತ್ತು.

ಮುಲ್ಲೊ ಬಂದರು. ಕೈ ತೊಳೆದರು. ಮಗುವನ್ನು ತೊಡೆಯ ಮೇಲೆ ಹಿಡಿಯಬೇಕಾಗಿದ್ದ ಅಜ್ಜನಿಲ್ಲದ್ದರಿಂದ ಬುಲೋರ್‌ಳ ಅಣ್ಣ ದಿಂಬು ಹಿಡಿದು ಕೂತಿದ್ದ. ಮುಲ್ಲೊ ದಿಂಬಿನಿಂದ ಮಗುವನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹೋದರು. ಬಟ್ಟೆ ಬಿಚ್ಚಿದರು. ಎದೆಯನ್ನು ಹೆಬ್ಬೆರಳಿನಿಂದ ಒತ್ತಿದರು, ಬಿಟ್ಟರು. ಅಂಗಾಲು ನೋಡಿದರು. ಅವರ ಬೆನ್ನು ಮಾತ್ರ ಬಖ್ಮಲಳಿಗೆ ಕಾಣುತ್ತಿತ್ತು. ಆ ಬೆನ್ನು ಬಹಳ ಹೊತ್ತು ಅಲುಗಲಿಲ್ಲ.

“ಹಳದಿ ಇದೆ,” ಎಂದರು ಮುಲ್ಲೊ.

ಹೊರಗೆ ಡೋಲಿನವನು ಪಾಪ, ಏನೂ ತಿಳಿಯದೆ ಬಡಿಯುತ್ತಲೇ ಇದ್ದ. ಬುಲೋರ್‌ಳ ಅಣ್ಣ ಎದ್ದು ಬಂದು ಬಗ್ಗಿ ನೋಡಿದ. “ಎಲ್ಲಿ ಮುಲ್ಲೋರೆ ಹಳದಿ? ಕೆಂಪಗೆ ಟೊಮೆಟೊ ಹಾಗಿದಾನೆ!”

“ಈ ವಿಷಯದಲ್ಲಿ ನೋಡಬೇಕಾದ್ದು ನನ್ನ ಕಣ್ಣು.”

“ಆದರೂ—”

ಎಲ್ಲರೂ ಬುಲೋರ್‌ಳ ಕಡೆ ತಿರುಗಿದರು. ಮನೆ ಅವಳದು, ಹೆಸರು ಅವಳ ಗಂಡನದು. ಅವಳು ಮೆಲ್ಲಗೆ ಕಿಟಕಿಯ ಬಳಿ ಹೋಗಿ ಮೊಮ್ಮಗನನ್ನು ನೋಡಿದಳು. ಆಮೇಲೆ ಮುಲ್ಲೊ ಕೈಯನ್ನು ನೋಡಿದಳು. ಆ ಕೈ ಆಗಲೇ ಮಗುವಿಗೆ ಬಟ್ಟೆ ಸುತ್ತುತ್ತಿತ್ತು. ಆಮೇಲೆ ಬಾಗಿಲ ಕಡೆ ತಿರುಗಿದಳು. ಅಲ್ಲಿ ಇಬ್ಬರು ಅಕ್ಕತಂಗಿಯರು ಒಂದೇ ಮುದ್ದೆಯಾಗಿ ಕೂತಿದ್ದರು.

“ಹೌದು,” ಎಂದಳು ಬುಲೋರ್. “ಹಳದಿ. ನನಗೆ ಕಾಣ್ತಿದೆ. ನಿನಗೆ ವಯಸ್ಸಾಯ್ತು ಅಣ್ಣ, ಕಣ್ಣು ಮಂಜು.” ಹೇಳಿ ಅಡುಗೆಮನೆಗೆ ನಡೆದಳು. ಅಲ್ಲಿ ಅವಳು ಎಷ್ಟು ಅತ್ತಳೋ ಯಾರಿಗೂ ಗೊತ್ತಿಲ್ಲ. ಪಲಾವ್ ಬಡಿಸಲು ಬಂದಾಗ ಈರುಳ್ಳಿಯ ಮೇಲೆ ತಪ್ಪು ಹೊರಿಸಿದಳು.

ಮುಂದಿನ ವಾರ ಮುಲ್ಲೊ ಬಂದು ನೋಡಿದರು. “ಇನ್ನೂ ಹಳದಿ ಇದೆ.” ಅದರ ಮುಂದಿನ ವಾರವೂ ಅದೇ. ತಿಂಗಳುಗಳು ಕಳೆದವು. ಮಗು ಬೋರಲು ಬಿತ್ತು, ನಕ್ಕಿತು, ಹಲ್ಲು ಬಂತು. ನಮ್ಮ ಬೀದಿಯಲ್ಲಿ ಅಡ್ಡಹೆಸರಿಲ್ಲದವರು ಸತ್ತವರಲ್ಲೂ ಇಲ್ಲ. ಹೆಸರೇ ಇಲ್ಲದ ಈ ಮಗುವನ್ನು ‘ಹಳದಿ’ ಎಂದು ಕರೆದರು. ಕ್ಷೌರದ ಕುರ್ಚಿಯಲ್ಲಿ ಕೂತವರು, “ಏನಪ್ಪ ಅಮ್ನೂನ್, ಊರ ಗಂಡಸರ ಕುತ್ತಿಗೆ ಮೇಲೆಲ್ಲ ಕತ್ತಿ ಆಡಿಸ್ತೀಯ, ಮನೇಲಿ ಮಾತ್ರ ಕಾಮಾಲೆನಾ?” ಎಂದು ಕುಟುಕುತ್ತಿದ್ದರು. ಅಮ್ನೂನ್ ಮೊದಮೊದಲು ಕುಗ್ಗಿದ. ಒಂದು ದಿನ ಅರ್ಧ ಬೋಳಿಸಿದ ಗಡ್ಡದಲ್ಲೇ ಒಬ್ಬನನ್ನು ಎಬ್ಬಿಸಿ ಕಳಿಸಿದ. ಹಾಗೆ ಬಂತು ಅವನಿಗೆ ಧೈರ್ಯ, ತಡವಾಗಿ.

ಮುಲ್ಲೊಗಂತೂ ಹಿರಿಯರು ಮುಖಕ್ಕೇ ಹೇಳಿದರು: ನಿಮಗೆ ಭಯ ಹತ್ತಿದೆ, ಚೂರಿ ಬೇರೆಯವರಿಗೆ ಕೊಡಿ. ಅವರು ಕೊಡಲಿಲ್ಲ. ಕೊಟ್ಟರೆ ಬೇರೆ ಯಾರಾದರೂ ಬಂದು ಮಗುವಿಗೆ ಹಳದಿ ಇಲ್ಲವೆನ್ನಬಹುದಿತ್ತು. ಬಖ್ಮಲಳಿಗೆ ನೆಮ್ಮದಿ ಇರಲಿಲ್ಲ. ರಾಶಿ ಸುಳ್ಳಿನ ಮೇಲೆ ಮಗನನ್ನು ಕೂರಿಸಿದ್ದೇನೆ, ಅವನ ರಕ್ತ ಎಲ್ಲರ ಹಾಗೇ ಇದ್ದರೆ? ಸುಮ್ಮನೆ ಹೆದರಿ ಅವನನ್ನು ಹೆಸರಿಲ್ಲದವನನ್ನಾಗಿ, ಯಾರಿಗೂ ಸೇರದವನನ್ನಾಗಿ ಮಾಡಿಬಿಟ್ಟೆನೆ? ಈ ಯೋಚನೆ ಅವಳನ್ನು ತಿನ್ನುತ್ತಿತ್ತು.

ಉತ್ತರ ಮಗುವೇ ಕೊಟ್ಟಿತು. ಅಂಬೆಗಾಲಿಡಲು ಕಲಿತ ವಾರ, ಅಂಗಳದ ಇಟ್ಟಿಗೆಯ ಮೇಲೆ ಎರಡು ಮಾರು ಹೋಗಿ ಬಂದಿತ್ತು, ಅಷ್ಟೆ. ಸಂಜೆಗೆ ಎರಡೂ ಮೊಣಕಾಲು ಊದಿ ಕಪ್ಪು ದ್ರಾಕ್ಷಿಯ ಬಣ್ಣವಾದವು. ಮುಟ್ಟಿದರೆ ಚೀರಿತು. ಈ ಸಲ ಯಾರೂ ಅಂಗಳದಲ್ಲಿ ನಿಂತು ಗುಸುಗುಸು ಮಾತಾಡಲಿಲ್ಲ. ಅಮ್ನೂನ್ ಮಗುವನ್ನೆತ್ತಿಕೊಂಡು ಆಸ್ಪತ್ರೆಗೆ ಓಡಿದ. ಅಲ್ಲಿ ತೋಳಿನ ನರ ಚುಚ್ಚಿ ರಕ್ತ ತೆಗೆದು ನೋಡಿದರು. ಚುಚ್ಚಿದ ಕಡೆ ರಕ್ತ ನಿಲ್ಲಿಸಲು ಬೆಳಗಾಯಿತು. ಹೆಪ್ಪುಗಟ್ಟದ ರಕ್ತ ಎಂದಳು ಡಾಕ್ಟರಮ್ಮ. ತಾಯಿಯ ಕಡೆಯಿಂದ ಬರುತ್ತದೆ, ಗಂಡು ಮಕ್ಕಳಿಗೆ ಹತ್ತುತ್ತದೆ. ಹುಷಾರಾಗಿ ನೋಡಿಕೊಂಡರೆ ಬದುಕುತ್ತಾನೆ. ಒಂದು ದೊಡ್ಡ ಗಾಯವಾದರೆ ಕಷ್ಟ.

ಆಸ್ಪತ್ರೆಯಿಂದ ಬಂದ ಮೇಲೆ ಬಖ್ಮಲ್ ಮುಲ್ಲೊ ಮನೆಗೆ ಹೋದಳು. ಮಗು ಸಿವ್ಯೊ ಕಂಕುಳಲ್ಲಿತ್ತು. ಅಕ್ಕ ಹೊಸಿಲಿನ ಹೊರಗೇ ನಿಂತುಬಿಟ್ಟಾಳೆಂದು ಬಖ್ಮಲ್ ಎಣಿಸಿದ್ದಳು. ಸಿವ್ಯೊ ನೇರ ಒಳಗೆ ಹೋದಳು.

ಮುಲ್ಲೊ ಮಗುವಿನ ಮೊಣಕಾಲು ನೋಡಿದರು. ಡಾಕ್ಟರ್ ಹೇಳಿದ್ದನ್ನು ಬಖ್ಮಲ್ ಹೇಳಿದಳು. ಅವರ ಕಣ್ಣು ಮೊದಲು ಅರಳಿತು, ಮಗು ಉಳಿಯಿತಲ್ಲ ಎಂದು. ಮರುಕ್ಷಣ ಅವರ ಮುಖ ಕಪ್ಪಿಟ್ಟಿತು. ಈ ಮಗು ಉಳಿದದ್ದು ಚೂರಿ ಮುಟ್ಟದ್ದರಿಂದಾದರೆ, ನಿಸ್ಸಿಮ್ ಸತ್ತದ್ದು ಚೂರಿ ಮುಟ್ಟಿದ್ದರಿಂದಲೇ ಎಂದು ಅವರಿಗೆ ಹೊಳೆದದ್ದು ಬಖ್ಮಲಳಿಗೂ ಕಂಡಿತು. ಅವರು ಬೂಟುಗಳ ನಡುವೆ ನೆಲಕ್ಕೆ ಕೂತರು.

“ಸಿವ್ಯೊ,” ಎಂದರು. “ನಿಸ್ಸಿಮ್ ಹೋದಾಗ ದೇವರ ಇಚ್ಛೆ ಅಂದೆ ನಾನು. ಅಲ್ಲಮ್ಮ. ಅದು ನನ್ನ ಚೂರಿ.”

ಸಿವ್ಯೊ ಅವರನ್ನೇ ನೋಡುತ್ತಿದ್ದಳು. ಅವಳು ಬೈಯಲಿ, ಶಪಿಸಲಿ ಎಂದು ಮುದುಕ ಕತ್ತು ಬಗ್ಗಿಸಿ ಕಾಯುತ್ತಿದ್ದರು.

“ಹಾಗಾದ್ರೆ,” ಎಂದಳು ಅವಳು, “ನಾನು ಬಟ್ಟೆ ಬಿಗಿಯಾಗೇ ಕಟ್ಟಿದ್ದೆ?”

“ಬಿಗಿಯಾಗೇ ಕಟ್ಟಿದ್ದೆ ಮಗಳೇ. ಯಾರು ಕಟ್ಟಿದ್ರೂ ನಿಲ್ತಿರಲಿಲ್ಲ.”

ಸಿವ್ಯೊ ಆಗ ಅತ್ತಳು. ಮಗು ಅವಳ ಕಂಕುಳಲ್ಲಿ ಕೂತು ಅವಳ ಒದ್ದೆ ಕೆನ್ನೆಯನ್ನು ಅಂಗೈಯಿಂದ ಪಟಪಟ ಬಡಿಯುತ್ತಿತ್ತು. ಬಖ್ಮಲ್ ಮಗುವನ್ನು ತೆಗೆದುಕೊಳ್ಳಲು ಹೋದಳು, ಅಕ್ಕ ಬಿಡಲಿಲ್ಲ.

ಮುಲ್ಲೊ ಎದ್ದು ಕೈ ತೊಳೆದುಕೊಂಡರು. “ಎರಡನೇ ಸಾಕ್ಷಿ ಸಿಕ್ಕಿದೆ,” ಎಂದರು. “ಇವನು ಬದುಕಿಯೇ ಹೇಳಿದ. ಹಿರಿಯರು ಒಪ್ಪದಿದ್ದರೆ ನನ್ನ ಹತ್ತಿರ ಬರಲಿ. ಹೆಸರು ಹೇಳಿ.”

“ಚೂರಿ ಇಲ್ಲದೇನಾ?” ಎಂದಳು ಬಖ್ಮಲ್.

“ಇಲ್ಲದೇ.”

ಅವಳು ಹೆಸರು ಹೇಳಿದಳು. ಮುಲ್ಲೊ ಮಗುವಿನ ಕಿವಿಯ ಹತ್ತಿರ ಬಗ್ಗಿ ಅದನ್ನು ಮೂರು ಸಲ ಉಸುರಿದರು. ಮಗು ಕಚಗುಳಿಯಾಗಿ ಕಿವಿ ಉಜ್ಜಿಕೊಂಡಿತು.

ಮನೆಗೆ ಬಂದಾಗ ಬುಲೋರ್ ಅಂಗಳ ಗುಡಿಸುತ್ತಿದ್ದಳು. ಬಖ್ಮಲ್ ಅವಳ ಕಿವಿಯಲ್ಲಿ ಹೇಳಿದಳು. ಪೊರಕೆ ನಿಂತಿತು. ಮುದುಕಿ ಇಟ್ಟಿಗೆ ನೆಲದ ಮೇಲೆ ಕಂಬಳಿ ಹಾಸಿದಳು. ಅದರ ಮೇಲೆ ಇನ್ನೊಂದು ಹಾಸಿದಳು, ಮನೆಯಲ್ಲಿದ್ದ ಹತ್ತಿ ಹಾಸಿಗೆಗಳನ್ನೆಲ್ಲ ತಂದು ಹಾಸಿದಳು. ಮಗುವನ್ನು ಅದರ ನಡುವೆ ಇಳಿಸಿ, ತಾನು ಆಚೆ ತುದಿಯಲ್ಲಿ ಮಂಡಿಯೂರಿ ಕೂತು, ಯುದ್ಧ ಮುಗಿದಂದಿನಿಂದ ಯಾರನ್ನೂ ಕರೆಯದಿದ್ದ ಹೆಸರಿನಿಂದ ಕರೆದಳು.

“ಮಲ್ಕಿಯೇಲ್! ಬಾ. ಮೆಲ್ಲಗೆ ಬಾ.”