ಹದಿನೇಳೋ ಹತ್ತೊಂಬತ್ತೋ

ಸರಸ್ವತಿಗೆ ಆ ಕೆಲಸ ಸಿಕ್ಕಿದ್ದು ಅವಳ ಕೈಬರಹದಿಂದ. ಮೈಸೂರಿನಲ್ಲಿ ಚಿತ್ರಕಲೆ ಕಲಿತಿದ್ದವಳು, ತಂದೆ ತೀರಿಕೊಂಡ ಮೇಲೆ ಮುಂಬಯಿಯ ಸಯನ್‌ನಲ್ಲಿದ್ದ ಅಣ್ಣ ತಿರುಮಲೇಶನ ಮನೆಗೆ ಬಂದಿದ್ದಳು. ಅಣ್ಣನಿಗೆ ಬ್ಯಾಂಕಿನಲ್ಲಿ ಗುಮಾಸ್ತಗಿರಿ. ಅವನ ಪರಿಚಯದ ಶಾಮಣ್ಣನವರು ಅಲ್ಲಿಯ ಒಂದು ರೈಲ್ವೆ ಕಾರ್ಖಾನೆಯಲ್ಲಿ ನಕ್ಷೆ ವಿಭಾಗದ ಮುಖ್ಯಸ್ಥರು. ಒಂದು ದಿನ ಮನೆಗೆ ಬಂದಾಗ ಅವಳು ಬರೆದ ಅಂಕಿಗಳನ್ನು ನೋಡಿ, ಅಚ್ಚು ಹಾಕಿದ ಹಾಗಿದೆ ಎಂದು ಮೆಚ್ಚಿ, ಮೇಲಿನವರೊಡನೆ ವಾದ ಮಾಡಿ, ಹದಿನಾಲ್ಕು ಗಂಡಸರ ನಡುವೆ ಅವಳಿಗೊಂದು ಮೇಜು ಕೊಡಿಸಿದರು. ಎಂಜಿನಿಯರುಗಳು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ನಯವಾದ ತೆಳು ಬಟ್ಟೆ ಹಾಸಿ, ಗೆರೆಗೆ ಗೆರೆ, ಅಂಕಿಗೆ ಅಂಕಿ ಮಸಿಯಲ್ಲಿ ಎತ್ತಿಕೊಳ್ಳುವ ಟ್ರೇಸರ್ ಕೆಲಸ ಅವಳದು. ಕೆಳಗಿನ ಶೆಡ್ಡಿನಲ್ಲಿ ಉಕ್ಕು ಕತ್ತರಿಸುವವರು ಕೊನೆಗೆ ನೋಡುತ್ತಿದ್ದುದು ಅವಳು ಬರೆದದ್ದನ್ನೇ.

1957ರ ದೀಪಾವಳಿ ಮುಗಿದ ಮೇಲೆ ಜಪಾನಿನಿಂದ ಕಿತಗಾವ ಎಂಬ ಎಂಜಿನಿಯರ್ ಬಂದರು. ಐವತ್ತರ ಆಸುಪಾಸಿನ, ಸಣ್ಣ ಮೈಕಟ್ಟಿನ ಮನುಷ್ಯ. ಇಂಗ್ಲಿಷನ್ನು ಒಂದೊಂದೇ ಶಬ್ದ ಆರಿಸಿ ಆಡುತ್ತಿದ್ದರು. ಬಂದ ವಾರವೇ ಕ್ಯಾಂಟೀನಿನಲ್ಲಿ ಎಲ್ಲರನ್ನೂ ಕೂರಿಸಿ ಒಂದು ಭಾಷಣ ಮಾಡಿದರು. ತಮ್ಮ ದೇಶದಲ್ಲಿ ಟೋಕಿಯೊದಿಂದ ಒಸಾಕಾಕ್ಕೆ ಮುನ್ನೂರು ಮೈಲಿಗೂ ಮಿಗಿಲು ದಾರಿ. ಅದನ್ನು ಮೂರೇ ಗಂಟೆಯಲ್ಲಿ ಓಡುವ ರೈಲು ಮಾಡಬಹುದೆಂದು ತಮ್ಮ ಸಂಶೋಧನಾಲಯದವರು ಈ ವರ್ಷವೇ ಸಭೆ ಕರೆದು ಸಾರಿದ್ದಾರೆ ಎಂದರು. ಹಿಂದೆ ಕೂತವರು ನಕ್ಕರು. ಮೂರು ಗಂಟೆಯಲ್ಲಿ ಅಹಮದಾಬಾದು ಮುಟ್ಟಿದ ಹಾಗಾಯಿತಲ್ಲ ಎಂದು ಒಬ್ಬ ಪಿಸುಗುಟ್ಟಿದ.

ಕಿತಗಾವ ಎರಡು ಚಹಾ ಗ್ಲಾಸುಗಳ ಬಾಯಿಗೆ ಬಾಯಿ ಸೇರಿಸಿ ಅಂಟಿಸಿದರು. ಎರಡು ಅಳತೆಪಟ್ಟಿಗಳನ್ನು ಹಳಿಯ ಹಾಗೆ ಇಳಿಜಾರಾಗಿ ಇಟ್ಟು ಮೇಲಿನಿಂದ ಉರುಳಿಸಿದರು. ಗ್ಲಾಸುಗಳು ಎಡಕ್ಕೂ ಬಲಕ್ಕೂ ಹಾವಿನಂತೆ ಹೊರಳುತ್ತ ಇಳಿದವು. ಪಟ್ಟಿಗಳನ್ನು ಇನ್ನೂ ಕಡಿದಾಗಿಸಿ ಮತ್ತೆ ಬಿಟ್ಟಾಗ ಹೊರಳಾಟ ಹೆಚ್ಚುತ್ತ ಹೋಗಿ, ಗ್ಲಾಸು ಹಾರಿ ನೆಲಕ್ಕೆ ಬಿದ್ದು ಚೂರಾಯಿತು. ಯಾರೂ ನಗಲಿಲ್ಲ. ರೈಲಿನ ಗಾಲಿಯ ಅಂಚೂ ಈ ಗ್ಲಾಸಿನ ಹಾಗೇ ಓರೆ, ಒಂದು ವೇಗ ದಾಟಿದರೆ ನಡುಕ ತನ್ನಷ್ಟಕ್ಕೆ ತಾನೇ ಬೆಳೆಯುತ್ತದೆ ಎಂದು ಅವರು ವಿವರಿಸಿದರು. ಯುದ್ಧಕಾಲದಲ್ಲಿ ವಿಮಾನದ ರೆಕ್ಕೆ ಯಾಕೆ ನಡುಗಿ ಮುರಿಯುತ್ತದೆಂದು ಹುಡುಕುವುದೇ ಅವರ ಕೆಲಸವಾಗಿತ್ತಂತೆ. ಯುದ್ಧ ಮುಗಿದು ವಿಮಾನ ಕಟ್ಟುವುದು ನಿಂತ ಮೇಲೆ ರೈಲಿಗೆ ಬಂದರು. ಆ ವೇಗದ ರೈಲಿನ ಗಾಲಿಗಳ ಲೆಕ್ಕಾಚಾರದಲ್ಲಿ ಅವರೂ ಒಬ್ಬರು. ಹೊರಳಾಟವನ್ನು ಹೀರಿಕೊಳ್ಳುವ, ಎಣ್ಣೆ ತುಂಬಿದ ಡ್ಯಾಂಪರುಗಳನ್ನು ಇಲ್ಲಿಯ ಹಳೆಯ ಲೋಕಲ್ ಡಬ್ಬಿಯೊಂದಕ್ಕೆ ಹಾಕಿ ನೋಡುವುದಕ್ಕೆ ಬಂದಿದ್ದರು.

ಅವರ ಪೆನ್ಸಿಲ್ ನಕ್ಷೆ ಸರಸ್ವತಿಯ ಮೇಜಿಗೆ ಬಂತು. ಅಳತೆಯೆಲ್ಲ ಮಿಲಿಮೀಟರಿನಲ್ಲಿ. ಕಾರ್ಖಾನೆಯವರಿಗೆ ಗೊತ್ತಿದ್ದುದು ಇಂಚು. ಕೋಷ್ಟಕ ಪಕ್ಕಕ್ಕಿಟ್ಟುಕೊಂಡು ಅವಳು ಒಂದೊಂದನ್ನೇ ಇಂಚಿಗೆ ತಿರುಗಿಸಿ ಬರೆದಳು. ಶಾಮಣ್ಣನವರು ನೋಡಿ ಸಹಿ ಹಾಕಿದರು. ಡಬ್ಬಿಗೆ ಡ್ಯಾಂಪರು ಕೂರಿಸಿ ಮುಗಿದ ಶುಕ್ರವಾರ ಕಿತಗಾವ ಅವಳ ಮೇಜಿನ ಬಳಿ ನಿಂತು, ಒಂದು ಚೀಟಿಯ ಮೇಲೆ ಅವಳ ಹೆಸರನ್ನು ತಮ್ಮ ಲಿಪಿಯಲ್ಲಿ ಬರೆದು, ಕೆಳಗೆ ಇಸವಿ ಹಾಕಿ, ಸ್ವಲ್ಪ ಬಾಗಿ ಕೊಟ್ಟುಹೋದರು.

ಭಾನುವಾರ ಬೆಳಿಗ್ಗೆ ಅತ್ತಿಗೆ ವನಮಾಲಾ ಆ ಚೀಟಿಯನ್ನು ಕೈಗೆತ್ತಿಕೊಂಡಳು. "ಇದೇನೇ, 1959 ಅಂತ ಹಾಕಿದಾರೆ? ಅದಕ್ಕಿನ್ನೂ ಎರಡು ವರ್ಷ ಇದೆ."

"57 ಅತ್ತಿಗೆ, ಸರಿಯಾಗಿ ನೋಡಿ," ಎಂದು ಸರಸ್ವತಿ ಚೀಟಿ ತೆಗೆದುಕೊಂಡು ಬೆಳಕಿಗೆ ಹಿಡಿದಳು. ಅವರ ಏಳಕ್ಕೆ ಎಡತುದಿಯಲ್ಲಿ ಒಂದು ಸಣ್ಣ ಹಲ್ಲು ಕೆಳಕ್ಕೆ ಇಳಿದಿತ್ತು. ಅವಸರದಲ್ಲಿ ನೋಡಿದರೆ ತಲೆ ಮುಚ್ಚದ ಒಂಬತ್ತು. ಡ್ಯಾಂಪರಿನ ಬುಡಕ್ಕೆ ಇಡುವ ನಾಲ್ಕು ಉಕ್ಕಿನ ಬಿಲ್ಲೆಗಳು ಅವಳ ಕಣ್ಣ ಮುಂದೆ ಬಂದವು. ಅವುಗಳ ದಪ್ಪವನ್ನು ಅವಳು ಹತ್ತೊಂಬತ್ತೆಂದು ಓದಿದ್ದಳು. ಹತ್ತೊಂಬತ್ತೆಂದರೆ ಸರಿಯಾಗಿ ಮುಕ್ಕಾಲು ಇಂಚು. ಲೆಕ್ಕ ಇಷ್ಟು ಚೆನ್ನಾಗಿ ಕೂತಿತಲ್ಲ ಎಂದು ಆಗ ಖುಷಿಪಟ್ಟಿದ್ದೂ ನೆನಪಾಯಿತು.

ಅದು ಹದಿನೇಳಾಗಿದ್ದರೆ?

ಪರೀಕ್ಷೆಯ ಓಟ ಅಂದೇ ಇತ್ತು. ಬೋರಿವಲಿಯಿಂದ ವಿರಾರಿಗೆ, ಮೊದಲು ಒಂದು ಸಲ ನಿಧಾನವಾಗಿ, ಹನ್ನೊಂದಕ್ಕೆ ಪೂರ್ತಿ ವೇಗದಲ್ಲಿ. ಡಬ್ಬಿಯೊಳಗೆ ಕಿತಗಾವ, ಶಾಮಣ್ಣನವರು, ದಿಲ್ಲಿಯಿಂದ ಬಂದ ಅಧಿಕಾರಿಗಳು. ಗಡಿಯಾರದಲ್ಲಿ ಒಂಬತ್ತಾಗಲು ಹತ್ತು ನಿಮಿಷ.

ಸರಸ್ವತಿ ಹೇಳಿದ್ದನ್ನೆಲ್ಲ ಕೇಳಿದ ತಿರುಮಲೇಶ ಟವೆಲ್ ಹೆಗಲ ಮೇಲೆ ಹಾಕಿಕೊಂಡೇ ನಿಂತಿದ್ದ. "ನಿಂಗೆ ಖಾತ್ರಿ ಇದೆಯಾ?" ಎಂದ.

"ಇಲ್ಲ."

"ಖಾತ್ರಿ ಇಲ್ದೆ ಅಷ್ಟು ಜನರ ಮುಂದೆ ಹೋಗಿ ತಪ್ಪು ಮಾಡಿದೀನಿ ಅಂತೀಯಾ? ಶಾಮಣ್ಣನೋರು ನಿನ್ನ ಪರವಾಗಿ ಮಾತು ಕೊಟ್ಟೋರು. ಅವರ ಮುಖ ಏನಾಗತ್ತೆ ಯೋಚ್ನೆ ಮಾಡು."

ಅವಳು ಯೋಚಿಸಿದ್ದೂ ಅವರನ್ನೇ, ಆ ಡಬ್ಬಿಯಲ್ಲಿ ಅವರೂ ಇರುತ್ತಾರೆ. ಚಪ್ಪಲಿ ಮೆಟ್ಟಿಕೊಂಡು ಇಳಿದಳು.

ಬೀದಿಯ ತಿರುವಿನಲ್ಲಿ ಉಡುಪಿಯ ಸದಾನಂದರ ಹೋಟೆಲಿನಲ್ಲಿ ಫೋನಿತ್ತು. ಕಾರ್ಖಾನೆಯ ನಂಬರಿಗೆ ಮಾಡಿದಳು. ಎಷ್ಟೋ ಹೊತ್ತಿನ ಮೇಲೆ ಎತ್ತಿಕೊಂಡವನು, ಮಾತಾಡುತ್ತಿರುವುದು ಟ್ರೇಸರ್ ಎಂದು ಕೇಳಿದ್ದೇ, ಇವತ್ತು ಸಾಹೇಬರು ಯಾರೂ ಇಲ್ಲ, ಸೋಮವಾರ ಮಾಡಿ ಎಂದು ಇಟ್ಟುಬಿಟ್ಟ. ಸದಾನಂದರು ಅವಳ ಮುಖ ನೋಡಿ, ಏನಾದರೂ ಆಯಿತೇ ಎಂದು ಕೇಳಿದರು. ಅವಳು ಫೋನಿನ ಕಾಸು ಮೇಜಿನ ಮೇಲಿಟ್ಟು ಸ್ಟೇಷನ್ನಿನತ್ತ ಓಡಿದಳು.

ಸಯನ್ ಸ್ಟೇಷನ್ನಿನಲ್ಲಿ ಭಾನುವಾರದ ಲೋಕಲ್ ತಡವಾಗಿ ಬಂತು. ದಾದರಿನಲ್ಲಿ ಸೇತುವೆ ಹತ್ತಿ ಆ ಬದಿಗೆ ಓಡಿ ಬೋರಿವಲಿಯ ಗಾಡಿ ಹಿಡಿದಾಗ ಒಂಬತ್ತು ಐವತ್ತು. ಹೆಂಗಸರ ಡಬ್ಬಿಯಲ್ಲಿ ಜಾಗವಿದ್ದರೂ ಕೂರಲಾಗದೆ ಬಾಗಿಲ ಬಳಿ ಕಂಬ ಹಿಡಿದು ನಿಂತಳು. ಡಬ್ಬಿ ಎಂದಿನಂತೆಯೇ ಅಲುಗಾಡುತ್ತಿತ್ತು. ಮೂರು ವರ್ಷದಿಂದ ದಿನಾ ಲೋಕಲಿನಲ್ಲಿ ಹೋಗಿಬರುತ್ತಿದ್ದವಳು ಈವತ್ತು ಒಂದೊಂದು ಅಲುಗಾಟವನ್ನೂ ಲೆಕ್ಕ ಹಾಕಿದಳು. ಅಂಧೇರಿ ದಾಟಿದ ಮೇಲೆ ತಾನು ಓದಿದ್ದು ಹತ್ತೊಂಬತ್ತೇ ಸರಿ, ಸುಮ್ಮನೆ ಭ್ರಮೆ ಎನಿಸಿತು. ಚೀಟಿ ಬಿಚ್ಚಿ ನೋಡಿದಳು. ಮಡಿಸಿದಳು. ಮತ್ತೆ ಬಿಚ್ಚಿದಳು. ಗೋರೆಗಾಂವ್ ಹತ್ತಿರ ಕೆಂಪು ಸಿಗ್ನಲ್ ಬಿದ್ದು ಗಾಡಿ ನಿಂತೇಬಿಟ್ಟಿತು. ಇಳಿದು ಹಳಿಯ ಮೇಲೆ ಓಡುವುದೇ ಎಂದುಕೊಂಡಳು. ಎದುರಿಗೆ ಕೂತಿದ್ದ ಮುದುಕಿಯೊಬ್ಬಳು, ಯಾರಿಗೆ ಹುಷಾರಿಲ್ಲ ಮಗಳೇ ಎಂದು ಮರಾಠಿಯಲ್ಲಿ ಕೇಳಿದಳು. ಸರಸ್ವತಿ ಚೀಟಿಯನ್ನು ಮುಷ್ಟಿಯಲ್ಲಿ ಮುಚ್ಚಿ ಬಾಗಿಲಿಂದ ಸಿಗ್ನಲ್ಲಿನತ್ತ ಇಣುಕಿದಳು.

ಬೋರಿವಲಿ ತಲುಪಿದಾಗ ಹತ್ತು ಐವತ್ತು. ಕೊನೆಯ ಪ್ಲಾಟ್‌ಫಾರ್ಮಿನಲ್ಲಿ ಪರೀಕ್ಷೆಯ ಗಾಡಿ ನಿಂತಿತ್ತು. ನಿಧಾನದ ಓಟ ಮುಗಿಸಿ ಬಂದು, ಅಧಿಕಾರಿಗಳು ಚಹಾ ಕುಡಿಯುತ್ತಿದ್ದರು. ಶಾಮಣ್ಣನವರು ಅವಳನ್ನು ಕಂಡು ಗುಂಪಿನಿಂದ ಹೊರಬಂದರು. ಅವಳು ಉಸಿರು ಎಳೆದುಕೊಳ್ಳುತ್ತಲೇ ಹೇಳಿದಳು. ಅವರ ಮುಖದ ರಕ್ತ ಇಳಿಯುವುದು ಕಾಣಿಸಿತು.

"ಮೆತ್ತಗೆ ಮಾತಾಡಮ್ಮ," ಎಂದರು. "ದಿಲ್ಲಿಯೋರು ಬಂದಿದಾರೆ. ಬೆಳಗಿನ ಓಟ ಚೆನ್ನಾಗೇ ಆಯ್ತು. ಈಗ ಇದನ್ನ ಎತ್ತಬೇಡ, ನಾಳೆ ನಾನೇ ನೋಡ್ತೀನಿ."

"ನೀವೂ ಹತ್ತುತೀರಲ್ಲ ಸಾರ್?"

ಅವರು ದಿಲ್ಲಿಯವರ ಕಡೆ ತಿರುಗಿ ನೋಡಿದರು. ಗಾರ್ಡು ಹಸಿರು ಬಾವುಟ ಬಿಡಿಸುತ್ತಿದ್ದ. ಸರಸ್ವತಿ ಅವರನ್ನು ದಾಟಿ, ಕೋಟು ತೊಟ್ಟ ಅಷ್ಟು ಜನರ ನಡುವೆ ಹಾದು, ಕಿತಗಾವ ಅವರ ಮುಂದೆ ನಿಂತು ಚೀಟಿ ಚಾಚಿದಳು. ಇಂಗ್ಲಿಷ್ ಮಾತು ಹೊರಡಲಿಲ್ಲ. ಕೊನೆಯ ಅಂಕಿಯ ಮೇಲೆ ಬೆರಳಿಟ್ಟು, "ಐ ರೆಡ್ ನೈನ್," ಎಂದಷ್ಟೇ ಹೇಳಿದಳು.

ಅವರಿಗೆ ಅರ್ಥವಾಗಲು ಎರಡು ಕ್ಷಣ ಹಿಡಿಯಿತು. ಕಪ್ಪು ಕೆಳಗಿಟ್ಟು, ಕೋಟು ಕಳಚಿ ಅವಳ ಕೈಗೇ ಕೊಟ್ಟು, ಟಾರ್ಚೂ ದಪ್ಪ ಅಳೆಯುವ ಕ್ಯಾಲಿಪರೂ ಹಿಡಿದು ಹಳಿಗೆ ಇಳಿದರು. ಡಬ್ಬಿಯ ಕೆಳಗೆ ಅವರ ಬೂಟು ಮಾತ್ರ ಕಾಣುತ್ತಿತ್ತು. ದಿಲ್ಲಿಯ ಅಧಿಕಾರಿ ಗಡಿಯಾರ ನೋಡಿಕೊಂಡು ಈ ಹೆಂಗಸು ಯಾರೆಂದು ಶಾಮಣ್ಣನವರನ್ನು ಕೇಳಿದರು. ಶಾಮಣ್ಣನವರು, ನನ್ನ ವಿಭಾಗದವಳು ಸಾರ್ ಎಂದರು. ಧ್ವನಿ ಎಲ್ಲಿಂದಲೋ ಬಂದ ಹಾಗಿತ್ತು.

ಕಿತಗಾವ ಫಿಟ್ಟರನನ್ನು ಕರೆಸಿದರು. ದೂಜ ಎಂಬ ಮಂಗಳೂರಿನವನು. ಅವನು ಸರಸ್ವತಿಯ ಕಡೆ ತಿರುಗಿ ಹೇಳಿದ: "ಆ ಬಿಲ್ಲೆ ಕೂರ್ತಾ ಇರ್ಲಿಲ್ಲ ಅಮ್ಮ. ಬೋಲ್ಟು ಹೋಗುದಿಲ್ಲ ಅಂತ ಎರಡನ್ನು ನಾನು ಅರ ಹಾಕಿ ಸವೆಸಿ ಸಮಾ ಮಾಡಿದೆ. ಆಚೆ ಕೊನೇದು ಎರಡು ನಾನು ಮಾಡಿದ್ದಲ್ಲ. ಅದನ್ನು ಬೇರೆಯವ್ರು ಸುತ್ತಿಗೆಯಲ್ಲಿ ಹೊಡ್ದು ಕೂರಿಸಿದ್ದು."

ಅಳತೆ ನೋಡಿದಾಗ ಹಾಗೇ ಇತ್ತು. ಈ ತುದಿಯಲ್ಲಿ ಹದಿನೇಳು, ಆ ತುದಿಯಲ್ಲಿ ಹತ್ತೊಂಬತ್ತು. ಇರಬೇಕಾದದ್ದು ಹದಿನೇಳು. ಸುತ್ತಿಗೆ ಬಿದ್ದ ಕಡೆ ಡ್ಯಾಂಪರು ಅಲುಗಾಡಲು ಜಾಗವಿಲ್ಲದೆ ಬಿಗಿದು ನಿಂತಿತ್ತು. ಅದನ್ನು ಹಿಡಿದ ಕಬ್ಬಿಣದ ಬುಡದಲ್ಲಿ ನಿಧಾನದ ಓಟಕ್ಕೇ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಕಿತಗಾವ ಮೇಲೆ ಬಂದು ಕೈ ಒರೆಸಿಕೊಂಡು, ಇವತ್ತು ಓಟ ಬೇಡ ಎಂದರು. ವೇಗದಲ್ಲಿ ಅದು ಕಿತ್ತು ಗಾಲಿಯ ಮುಂದೆ ಬೀಳಬಹುದಿತ್ತು ಎಂದು ಅವರು ಅಧಿಕಾರಿಗೆ ಹೇಳುತ್ತಿದ್ದಾಗ ಸರಸ್ವತಿ ಅವರ ಕೋಟನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು.

ವಿಚಾರಣೆ ಮೂರು ವಾರ ನಡೆಯಿತು. ಆ ಮೂರು ವಾರ ಅವಳಿಗೆ ಊಟ ರುಚಿಸಲಿಲ್ಲ. ಜವಾನ ಲಕೋಟೆ ಹಿಡಿದು ಒಳಗೆ ಬಂದರೆ ಸಾಕು, ಕೈಯಲ್ಲಿದ್ದ ಪೆನ್ನು ಕೆಳಗಿಡುತ್ತಿದ್ದಳು. ತಪ್ಪು ತನ್ನ ಕೈಬರಹದ್ದೆಂದು ಕಿತಗಾವ ಬರೆದುಕೊಟ್ಟರು. ಆದರೂ ಅವಳಿಗೆ ಎಚ್ಚರಿಕೆಯ ಪತ್ರ ಬಂತು. ಸರಿಯಾಗಿ ನೋಡದೆ ಸಹಿ ಹಾಕಿದ್ದಕ್ಕೆ ಶಾಮಣ್ಣನವರಿಗೂ ಬಂತು, ನಿವೃತ್ತಿಗೆ ಎರಡು ವರ್ಷ ಇರುವಾಗ. ಅವರು ಅವಳೊಡನೆ ಮಾತು ಬಿಟ್ಟರು. ನಕ್ಷೆಗಳನ್ನು ಬೇರೆಯವರ ಕೈಯಲ್ಲಿ ಕಳಿಸುತ್ತಿದ್ದರು. ಕೆಲಸ ಹೋಗಿದ್ದರೂ ಇಷ್ಟು ನೋಯುತ್ತಿರಲಿಲ್ಲ ಎಂದು ಅವಳು ಅತ್ತಿಗೆಯ ಹತ್ತಿರ ಅತ್ತಳು.

ಹೊಸ ಬಿಲ್ಲೆಗಳ ನಕ್ಷೆಯನ್ನು ಅವಳೇ ಎತ್ತಬೇಕೆಂದು ಕಿತಗಾವ ಹಟ ಹಿಡಿದರು. ಎರಡನೆಯ ಓಟದ ಹಿಂದಿನ ದಿನ ಶಾಮಣ್ಣನವರು ಅವಳ ಮೇಜಿನ ಮುಂದೆ ಬಂದು ನಿಂತರು.

"ನಾಳೆ ನೀನೂ ಗಾಡೀಲಿ ಇರಬೇಕಂತೆ. ಆ ಜಪಾನಿಯೋರು ಕೇಳಿದಾರೆ. ಭಯ ಇದ್ರೆ ಬೇಡ ಅನ್ನು, ನಾನು ಹೇಳ್ತೀನಿ."

"ಭಯ ಇದೆ ಸಾರ್. ಬರ್ತೀನಿ."

ಅವರು ಮೇಜಿನ ಅಂಚು ಸವರಿದರು. "ನಂಗೂ ಇದೆ," ಎಂದು ಹೋದರು.

ಡಿಸೆಂಬರಿನ ಆ ಬೆಳಿಗ್ಗೆ ಗಾಡಿ ಬೋರಿವಲಿ ಬಿಟ್ಟಿತು. ದಹಿಸರ್ ದಾಟುವಾಗ ವೇಗ ಗಂಟೆಗೆ ನಲವತ್ತು ಮೈಲಿ. ಉರುಳುವ ಕಾಗದದ ಮೇಲೆ ಯಂತ್ರದ ಮುಳ್ಳು ಗೆರೆ ಎಳೆಯುತ್ತಿತ್ತು, ಕಿತಗಾವ ಅದರ ಮೇಲೆ ಬಾಗಿ ಕೂತಿದ್ದರು. ಮೀರಾ ರೋಡ್ ಕಡೆಯ ಉಪ್ಪಿನ ಗದ್ದೆಗಳು ಬಂದಾಗ ಐವತ್ತು. ಯಾರೋ ಐವತ್ತೈದು ಎಂದರು. ಆಗ ಶುರುವಾಯಿತು. ಡಬ್ಬಿ ಎಡಕ್ಕೆ ವಾಲಿತು, ಬಲಕ್ಕೆ ವಾಲಿತು, ಮತ್ತೆ ಎಡಕ್ಕೆ ಇನ್ನೂ ಹೆಚ್ಚು. ಸರಸ್ವತಿ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದಳು. ತಾನು ಬರೆದ ಒಂದೊಂದು ಅಂಕಿಯೂ ತಲೆಯಲ್ಲಿ ಸುತ್ತಿತು, ಯಾವುದನ್ನು ನೆನೆದರೂ ತಪ್ಪೆನಿಸಿತು. ಎದುರಿಗೆ ಶಾಮಣ್ಣನವರು ಕಣ್ಣು ಮುಚ್ಚಿದ್ದರು, ತುಟಿ ಮಾತ್ರ ಆಡುತ್ತಿತ್ತು.

ನಾಲ್ಕನೆಯ ಹೊರಳು ಮೂರನೆಯದಕ್ಕಿಂತ ಚಿಕ್ಕದಿತ್ತು. ಐದನೆಯದು ಅದಕ್ಕಿಂತಲೂ. ಕಾಗದದ ಮೇಲೆ ಗೆರೆ ಕಿರಿದಾಗುತ್ತ ಬಂತು. ಅರವತ್ತು ಎಂದು ಕೂಗಿದಾಗಲೂ ಅದು ಹಾಗೇ ಸಣ್ಣದಾಗಿ ಓಡುತ್ತಿತ್ತು. ಕಿತಗಾವ ತಲೆ ಎತ್ತಲಿಲ್ಲ. ಗಾಡಿ ನಿಂತ ಮೇಲೆ ಎಲ್ಲರೂ ಕೈ ಕುಲುಕುತ್ತ ಇಳಿದರು. ಸರಸ್ವತಿ ಕಂಬಿ ಹಿಡಿದೇ ಕೂತಿದ್ದಳು. ಅವಳು ಏಳುವವರೆಗೆ ಶಾಮಣ್ಣನವರು ಬಾಗಿಲ ಬಳಿ ಕಾದರು.

1959ರ ಬೇಸಿಗೆಯಲ್ಲಿ ಅವಳಿಗೆ ಜಪಾನಿನಿಂದ ಒಂದು ಪತ್ರ ಬಂತು. ಆ ವೇಗದ ರೈಲಿನ ಹೊಸ ಹಳಿಗೆ ನೆಲ ಅಗೆಯುವ ಕೆಲಸ ಏಪ್ರಿಲ್‌ನಲ್ಲಿ ಶುರುವಾಗಿದೆ, ಇಷ್ಟು ದಿನ ಕಾಗದದ ಮೇಲಿದ್ದಾಗ ನಿದ್ದೆ ಬರುತ್ತಿತ್ತು, ಈಗ ಬರುತ್ತಿಲ್ಲ ಎಂದು ಕಿತಗಾವ ಬರೆದಿದ್ದರು. ತಿರುಮಲೇಶ ಆ ಪತ್ರವನ್ನು ಬ್ಯಾಂಕಿಗೆ ಒಯ್ದು ಎಲ್ಲರಿಗೂ ತೋರಿಸಿ, ಸಂಜೆ ಅದರ ಒಂದು ಮೂಲೆಗೆ ಕ್ಯಾಂಟೀನಿನ ವಡೆಯ ಎಣ್ಣೆ ಹತ್ತಿಸಿಕೊಂಡು ಮನೆಗೆ ತಂದ.