ನೀಲಿ ಕ್ಯಾನಿನ ನೀರು

"ತೆಗೆದು ನೋಡಮ್ಮ. ನೀನೇ ನಿನ್ನ ಕಣ್ಣಾರೆ ನೋಡು" ಎಂದು ಅಡುಗೆ ಮೇಸ್ತ್ರಿಗಳು ಸ್ಟೀಲ್ ಡಬ್ಬಿಯನ್ನು ಸಾಕುಮೀನಿನಂಗಡಿಯ ಮೇಜಿನ ಮೇಲೆ ಕುಕ್ಕಿದರು.

ಅಂಗಡಿಯಾಕೆ ಕೈಯಲ್ಲಿದ್ದ ಬಲೆಯನ್ನು ಬಕೆಟ್ಟಿಗೆ ಒರಗಿಸಿ ಮುಚ್ಚಳ ತೆಗೆದಳು, ತೆಗೆದಷ್ಟೇ ಬೇಗ ಮುಚ್ಚಿದಳು. ಸತ್ತ ಬಸವನಹುಳುವಿನ ನಾತವೆಂದರೆ ಸಾಮಾನ್ಯದ್ದಲ್ಲ. ಗಾಜಿನ ತೊಟ್ಟಿಗಳ ಮುಂದೆ ಮೀನು ನೋಡುತ್ತ ನಿಂತಿದ್ದ ಗಂಡಹೆಂಡತಿ ಕರವಸ್ತ್ರ ಹುಡುಕಿಕೊಂಡು ಬಾಗಿಲ ಕಡೆ ಸರಿದರು.

"ಅಯ್ಯೋ ಯಜಮಾನ್ರೇ, ಇದನ್ನ ಯಾಕೆ ಹೊತ್ಕೊಂಡು ಬಂದ್ರಿ? ಸತ್ತಿದೆ ಅಂತ ಬಾಯಲ್ಲಿ ಹೇಳಿದ್ರೆ ಸಾಕಿತ್ತಲ್ಲ!"

"ಹೋದ ಸಲ ಬಾಯಲ್ಲೇ ಹೇಳಿದ್ದೆ. ಸತ್ತಿರಲ್ಲ, ಸುಮ್ನೆ ಮಲಗಿರುತ್ತೆ ಅಂತ ನೀನಂದೆ. ಇದೂ ಮಲಗಿದೆಯಾ? ಏಳಿಸು ನೋಡೋಣ."

ಇದು ಮೂರನೇ ಸಲ. ಮನೆಯಲ್ಲಿರುವ ಉಪ್ಪುನೀರಿನ ತೊಟ್ಟಿಯ ಗಾಜಿಗೆ, ಕಲ್ಲಿಗೆ, ಎಲ್ಲಕ್ಕೂ ಪಾಚಿ ಹತ್ತಿತ್ತು. ಅದನ್ನು ತಿನ್ನಲು ಸಮುದ್ರದ ಬಸವನಹುಳು ಬಿಡಬೇಕು ಎಂದವಳು ಈಕೆಯೇ. ಮೊದಲ ಸಲ ಮೇಸ್ತ್ರಿಗಳು ತಾವಾಗಿ ಆರಿಸಿದ್ದು ಟರ್ಬೊ ಎಂಬ ದಪ್ಪ ಜಾತಿಯವನ್ನು, ಒಂದೊಂದೂ ನಿಂಬೆಹಣ್ಣಿನ ಗಾತ್ರ. ತಿನ್ನುವುದೇ ಕೆಲಸವಾದ ಮೇಲೆ ದೊಡ್ಡ ಹೊಟ್ಟೆಯ ಆಳನ್ನೇ ಇಟ್ಟುಕೊಳ್ಳಬೇಕಲ್ಲವೇ? ಅವು ಮೊದಲ ದಿನ ಹವಳದ ತುಂಡುಗಳನ್ನೆಲ್ಲ ತಳ್ಳಿ ಉರುಳಿಸಿ, ಎರಡನೇ ದಿನ ತಾವೇ ಉರುಳಿಕೊಂಡವು. ಎರಡನೇ ಸಲ ಅಂಗಡಿಯಾಕೆ ಬುಗುರಿಯಂಥ ಟ್ರೋಕಸ್ ಕೊಟ್ಟಳು. "ಇವು ಅಂಗಾತ ಬಿದ್ರೂ ತಾವೇ ತಿರುಗಿ ಎದ್ದುಬಿಡ್ತವೆ, ನೀವು ಕೈ ಹಾಕೋದೇ ಬೇಡ" ಎಂದಿದ್ದಳು. ಬಿದ್ದವು, ಏಳಲಿಲ್ಲ. ಮೂರನೇ ಸಲ ತಂದದ್ದು ಬಟಾಣಿಗಿಂತ ಸ್ವಲ್ಪ ದೊಡ್ಡದಾದ ನೆರೈಟ್. ಅವುಗಳಲ್ಲಿ ಎರಡು ಗಾಜು ಹತ್ತಿ ಹೊರಗೆ ಬಿದ್ದಿದ್ದವು. ಬೆಳಗ್ಗೆ ಮೇಸ್ತ್ರಿಗಳು ಬರಿಗಾಲಲ್ಲಿ ಬಂದಾಗ ಕರಕ್ ಎಂದಿತು. ಸತ್ತದ್ದಕ್ಕಿಂತ ಹೆಚ್ಚಾಗಿ, ತಮ್ಮ ನೀರಿನಲ್ಲಿರಲಾರದೆ ಓಡಿಹೋಗಲು ನೋಡಿದವಲ್ಲ ಎಂದು ಅವರಿಗೆ ಅವಮಾನವಾಯಿತು.

ತೊಟ್ಟಿ ಸೊಸೆಯದು. ಉಗುರಿನಷ್ಟಿದ್ದ ಹವಳವನ್ನು ಆರು ವರ್ಷ ಸಾಕಿ ಅಂಗೈಯಗಲ ಮಾಡಿದವಳು. ಮೂರು ವಾರದ ತರಬೇತಿಗೆಂದು ಬೇರೆ ಊರಿಗೆ ಹೊರಟಾಗ ಚಪ್ಪಲಿ ಮೆಟ್ಟಿಕೊಂಡವಳು ಮತ್ತೆ ಒಳಗೆ ಬಂದು, "ಮಾವ, ಇದನ್ನ ನಿಮ್ಮ ಕೈಲಿ ಬಿಟ್ಟು ಹೋಗ್ತಿದೀನಿ. ನಿಮ್ಮ ಮಗನ ಕೈಲಿ ಅಲ್ಲ" ಎಂದಿದ್ದಳು. ಆಸ್ಪತ್ರೆಯ ಅಡುಗೆಮನೆಯಲ್ಲಿ ನಲವತ್ತು ವರ್ಷ ಸೌಟು ಹಿಡಿದು, ಹೊತ್ತುಹೊತ್ತಿಗೆ ನಾನ್ನೂರು ರೋಗಿಗಳಿಗೆ ಬಡಿಸಿದ ಅಡುಗೆ ಮೇಸ್ತ್ರಿಗಳಿಗೆ ಆ ಮಾತು ಎಷ್ಟು ದೊಡ್ಡದೆಂದು ಅವಳಿಗೆ ಗೊತ್ತಿತ್ತೋ ಇಲ್ಲವೋ. ನಿವೃತ್ತರಾಗಿ ಮಗನ ಮನೆಗೆ ಬಂದ ಎರಡನೇ ತಿಂಗಳು ಅವರು ಹಾಲು ಒಲೆಗಿಟ್ಟು ಮರೆತಿದ್ದರು. ಪಾತ್ರೆ ಸೀದು ಮನೆ ತುಂಬ ಹೊಗೆ. ಅಂದಿನಿಂದ ಅಡುಗೆಮನೆಯ ಹೊಸ್ತಿಲಲ್ಲಿ ಕಂಡರೆ ಸಾಕು, "ನೀವು ಆರಾಮಾಗಿ ಕೂತ್ಕೊಳ್ಳಿ ಮಾವ." ಆರಾಮಾಗಿ ಕೂತೂ ಕೂತೂ ಅವರಿಗೆ ತಲೆ ಕೆಟ್ಟಿತ್ತು. ಈ ತೊಟ್ಟಿಯೂ ಕೆಟ್ಟರೆ ಇನ್ನು ಈ ಮನೆಯಲ್ಲಿ ತಮ್ಮ ಕೈಗೆ ಒಂದು ಚಮಚವನ್ನೂ ಯಾರೂ ಕೊಡುವುದಿಲ್ಲ.

ಸೊಸೆ ಬರುವುದು ಭಾನುವಾರ, ಇವತ್ತು ಗುರುವಾರ. ದಿನಾ ಸಂಜೆ ಫೋನು ಮಾಡಿ "ಹೇಗಿದೆ ಮಾವ?" ಎನ್ನುತ್ತಾಳೆ. ದಿನಾ ಇವರು "ಫಸ್ಟ್ ಕ್ಲಾಸಾಗಿದೆಯಮ್ಮ" ಎನ್ನುತ್ತಾರೆ. ಫೋಟೋ ಕಳಿಸಿ ಎಂದರೆ ಇದ್ದಕ್ಕಿದ್ದಂತೆ ಫೋನಿನ ಚಾರ್ಜು ಮುಗಿಯುತ್ತದೆ.

"ಜಾತಿ ಬದಲಾಯಿಸ್ತಾ ಕೂತ್ರೆ ಆಗಲ್ಲ ಯಜಮಾನ್ರೇ" ಎಂದಳು ಅಂಗಡಿಯಾಕೆ. "ನಿಮ್ಮ ನೀರಲ್ಲೇ ಏನೋ ಐಬಿದೆ."

"ನನ್ನ ನೀರಲ್ಲಿ ಐಬು? ನೀನು ಹೀಗಂತೀಯ ಅಂತ ಗೊತ್ತಿತ್ತು, ಅದಕ್ಕೇ ತಂದಿದೀನಿ." ಮೇಸ್ತ್ರಿಗಳು ಚೀಲದಿಂದ ಬಾಟಲಿ ತೆಗೆದು ಬೆಳಕಿಗೆ ಹಿಡಿದರು. "ನೋಡ್ಕೋ. ಕಸ ಇದೆಯಾ? ಕೊಳೆ ಇದೆಯಾ?"

ಅವಳು ಬಾಟಲಿಯ ನೀರನ್ನು ಉದ್ದನೆಯ ಲೋಟಕ್ಕೆ ಬಗ್ಗಿಸಿ, ಅದರಲ್ಲೊಂದು ಉಪ್ಪು ಅಳೆಯುವ ಗಾಜಿನ ಕಡ್ಡಿ ತೇಲಿಬಿಟ್ಟಳು. ಕಡ್ಡಿಯ ಕೆಂಪು ಗೆರೆ ನೀರಿನ ಮಟ್ಟದಿಂದ ಎಷ್ಟೋ ಮೇಲೆ ನಿಂತಿತು. ಅವಳು ಹುಬ್ಬೇರಿಸಿದಳು.

"ಉಪ್ಪು ವಿಪರೀತ ಇದೆಯಲ್ರೀ!"

"ನಿನ್ನ ಕಡ್ಡಿ ಕೆಟ್ಟಿರಬೇಕು" ಎಂದರು ಮೇಸ್ತ್ರಿಗಳು. ನಲವತ್ತು ವರ್ಷ ಉಪ್ಪನ್ನು ಕಡ್ಡಿಯಿಂದ ಅಳೆದವರಲ್ಲ ಅವರು. ಅವಳು ಬೇಡ ಬೇಡ ಎನ್ನುತ್ತಿದ್ದಂತೆಯೇ ಲೋಟದೊಳಗೆ ಬೆರಳದ್ದಿ ನಾಲಿಗೆಗೆ ಮುಟ್ಟಿಸಿದರು. ಆಮೇಲೆ ಅವಳ ತೊಟ್ಟಿಯೊಂದಕ್ಕೆ ಬೆರಳದ್ದಿ ಅದನ್ನೂ ನೋಡಿದರು. ಮತ್ತೆ ತಮ್ಮ ಲೋಟ. ಕಡ್ಡಿ ಕೆಟ್ಟಿರಲಿಲ್ಲ.

"ನೀರು ಇಂಗಿ ಕಮ್ಮಿಯಾದಾಗ ಮೇಲಿಂದ ಏನು ಹಾಕ್ತೀರಿ?"

ಮೇಸ್ತ್ರಿಗಳಿಗೆ ಕೇಳಿಸಲಿಲ್ಲ. ಅವರ ಕಿವಿಯಲ್ಲಿ ಅವರದೇ ದನಿ ಕೂಗುತ್ತಿತ್ತು. ಒಲೆಯ ಮೇಲೆ ಸೂಪು ಕುದಿದು ಬತ್ತಿದಾಗ ಪೆದ್ದುಪೆದ್ದಾಗಿ ನೀರಿನ ಜೊತೆ ಇನ್ನೊಂದು ಹಿಡಿ ಉಪ್ಪು ಹಾಕಲು ಬರುತ್ತಿದ್ದ ಹೊಸ ಅಡುಗೆಯವರಿಗೆ ಅವರು ಎಷ್ಟು ಸಲ ಬೈದಿಲ್ಲ! "ಲೇ, ಆವಿಯಾಗಿ ಹೋಗೋದು ನೀರು ಕಣೋ! ಉಪ್ಪೇನು ರೆಕ್ಕೆ ಕಟ್ಕೊಂಡು ಹಾರಿಹೋಗುತ್ತಾ?" ಇಡೀ ಅಡುಗೆಮನೆ ನಗುತ್ತಿತ್ತು.

ಸೊಸೆ ತೊಟ್ಟಿಯ ಪಕ್ಕದ ಗೋಡೆಗೆ ಚೀಟಿ ಅಂಟಿಸಿ ಹೋಗಿದ್ದಳು. ಬಿಳಿ ಕ್ಯಾನಿನಲ್ಲಿ ಕಲಸಿಟ್ಟ ಉಪ್ಪುನೀರು, ನೀಲಿ ಕ್ಯಾನಿನಲ್ಲಿ ಬರೀ ಶುದ್ಧ ನೀರು. "ನೀರು ಗೆರೆಗಿಂತ ಕೆಳಗಿಳಿದರೆ ನೀಲಿ ಕ್ಯಾನಿನಿಂದ ಹಾಕಿ" ಎಂದು ದುಂಡಗೆ ಬರೆದಿದ್ದಳು. ಸಮುದ್ರದ ಮೀನಿಗೆ ಸಪ್ಪೆ ನೀರೇ? ಪಾಪ, ಅವಸರದಲ್ಲಿ ತಪ್ಪು ಬರೆದಿದ್ದಾಳೆ ಎಂದುಕೊಂಡ ಮೇಸ್ತ್ರಿಗಳು, ದಿನಸಿ ಪಟ್ಟಿ ಬರೆಯುವ ಕಾಲದಿಂದಲೂ ಕಿವಿಯ ಮೇಲೆ ಕೂತಿರುವ ಪೆನ್ಸಿಲ್ ತೆಗೆದು, "ನೀಲಿ" ಹೊಡೆದುಹಾಕಿ ಮೇಲೆ "ಬಿಳಿ" ಎಂದು ಬರೆದಿದ್ದರು.

"ಇವತ್ತು ಹುಳು ಕೊಡಲ್ಲ" ಎಂದಳು ಅಂಗಡಿಯಾಕೆ. ದನಿ ಮೆತ್ತಗಾಗಿತ್ತು. "ಟ್ರೋಕಸ್ ಎರಡು ಎತ್ತಿಟ್ಟಿರ್ತೀನಿ. ನೀರು ಸರಿ ಮಾಡ್ಕೊಂಡು ಬನ್ನಿ. ಆದ್ರೆ ಒಮ್ಮೆಲೇ ಮಾಡ್ಬೇಡಿ, ನಿಧಾನ. ಹವಳ ಸಾಕಿದವ್ರನ್ನೇ ಕೇಳಿ."

ಮೂರು ಬೀದಿ ನಡೆದು ಬರುವಷ್ಟರಲ್ಲಿ ಮೇಸ್ತ್ರಿಗಳು ತಮ್ಮನ್ನು ತಾವು ಬೈದುಕೊಂಡ ಬೈಗುಳ ಬರೆಯುವಂಥದ್ದಲ್ಲ. ಮನೆಯಲ್ಲಿ ಚೀಟಿಯ ಮುಂದೆ ನಿಂತರು. ಪೆನ್ಸಿಲ್ ಗೆರೆ, ರಬ್ಬರಿನಿಂದ ಎರಡು ಸಲ ಉಜ್ಜಿದರೆ ಹೋಗುತ್ತದೆ. ತೊಟ್ಟಿಯೊಳಗೆ ಹವಳ ಮುದುಡಿಕೊಂಡು ಕೂತಿತ್ತು. ಅವರು ಫೋನು ಮಾಡಿದರು.

"ಅಮ್ಮಾ, ತೊಟ್ಟಿ ಚೆನ್ನಾಗಿಲ್ಲ."

"ಏನಾಯ್ತು ಮಾವ?"

ಹೇಳಿದರು. ಪಾಚಿ, ಹುಳು, ಅಂಗಡಿಯಾಕೆಯ ಕಡ್ಡಿ, ಬಿಳಿ ಕ್ಯಾನು.

"ಬಿಳೀನಾ? ನೀಲಿ ಅಂತ ಬರೆದಿದ್ನಲ್ಲ..." ಅವಳು ತಡೆದಳು. "ಕನ್ನಡಕ ಹಾಕ್ಕೊಂಡಿರ್ಲಿಲ್ವೇನೋ. ಹೋಗ್ಲಿ ಬಿಡಿ, ವಯಸ್ಸಾದ್ಮೇಲೆ ಆಗುತ್ತೆ."

ಹೂಂ ಎಂದರೆ ಮುಗಿಯುತ್ತಿತ್ತು. ಕಣ್ಣು ಕಾಣದ ಮುದುಕ, ಪಾಪ ಎಂದು ಬಿಡುತ್ತಿದ್ದಳು, ಬಯ್ಯುತ್ತಲೂ ಇರಲಿಲ್ಲ. ಆ ಪಾಪ ಎನ್ನುವುದನ್ನು ನೆನೆದೇ ಮೇಸ್ತ್ರಿಗಳಿಗೆ ಪಿತ್ತ ನೆತ್ತಿಗೇರಿತು.

"ಕನ್ನಡಕ ಹಾಕ್ಕೊಂಡೇ ಓದಿದ್ದು. ಚೆನ್ನಾಗಿ ಕಾಣಿಸ್ತು. ನೀನು ತಪ್ಪು ಬರೆದಿದೀಯ ಅಂತ ನಾನೇ ತಿದ್ದಿದೆ."

ಆ ಕಡೆಯ ದನಿಯಲ್ಲಿ ಈಗ ಮರುಕವಿರಲಿಲ್ಲ.

"ಹವಳದ ಬಣ್ಣ ಇದೆಯಾ?"

"ಇದೆ. ಮುದುಡಿದೆ."

"ಮೀನು ತಿಂತಿವೆಯಾ?"

"ಓಹೋ, ಮೂರು ಹೊತ್ತೂ."

"ಮೂರು ಹೊತ್ತು ಹಾಕ್ತಿದೀರಾ? ಎರಡು ದಿನಕ್ಕೊಂದು ಚಿಟಿಕೆ ಅಂದಿದ್ನಲ್ಲ! ಪಾಚಿ ಬರದೆ ಇನ್ನೇನು ಬರುತ್ತೆ?"

"ಗಾಜಿನ ಹತ್ರ ಬಂದು ಬಾಯಿಬಾಯಿ ಬಿಡ್ತವೆ ಕಣಮ್ಮ. ನೋಡ್ಕೊಂಡು ಹೇಗೆ ಸುಮ್ನಿರೋದು?"

"ಅಯ್ಯೋ ಮಾವ! ಆ ಚೀಟೀಲಿ ಬರೆದಿದ್ದರಲ್ಲಿ ಒಂದಾದ್ರೂ ಮಾಡಿದ್ರಾ ನೀವು?"

ಮೇಸ್ತ್ರಿಗಳು ಯೋಚಿಸಿದರು. "ಲೈಟು ಹಾಕಿ ಆರಿಸಿದ್ದೀನಿ."

ಅವಳು ನಗಲಿಲ್ಲ. ಉಸಿರು ಬಿಟ್ಟದ್ದು ಮಾತ್ರ ಕೇಳಿಸಿತು. "ಬರ್ಕೊಳ್ಳಿ. ತೊಟ್ಟಿಯಿಂದ ಒಂದು ಲೋಟ ತೆಗೀಬೇಕು, ನೀಲಿ ಕ್ಯಾನಿಂದ ಒಂದು ಲೋಟ ಹಾಕ್ಬೇಕು. ಎರಡು ಗಂಟೆಗೊಂದು ಸಲ. ಒಂದೇ ಲೋಟ. ಆತುರ ಮಾಡಿದ್ರೆ ಹವಳ ಉಳಿಯಲ್ಲ. ಮೀನಿಗೆ ನಾನು ಬರೋವರೆಗೂ ಏನೂ ಬೇಡ."

ಅವಳು ಹೇಳಿದಂತೆಯೇ ಅವರು ಗೋಡೆಯ ಚೀಟಿಯ ಕೆಳಗೆ ಬರೆದುಕೊಂಡರು.

"ನಿನ್ನ ಗಂಡನಿಗೆ ಹೇಳ್ತೀಯಾ ಮಾಡೋಕೆ?" ಎಂದು ಕೇಳಿದರು.

"ಬೇಡ" ಎಂದಳು, ಇನ್ನೂ ಸಿಟ್ಟಿನಲ್ಲೇ. "ನೀವೇ ಮಾಡಿ." ಇಡುತ್ತೀನಿ ಎಂದೂ ಹೇಳದೆ ಫೋನಿಟ್ಟಳು.

ಮೊದಲ ಲೋಟ ಹನ್ನೆರಡಕ್ಕೆ ಹಾಕಿದರು. ಒಂದೂ ಇಪ್ಪತ್ತಕ್ಕೆ ಕೈ ಕಡಿಯತೊಡಗಿತು. ಸೂಪಾಗಿದ್ದರೆ ಎರಡು ಸೌಟಿನಲ್ಲಿ ಸರಿಮಾಡಿ ಮುಚ್ಚಳ ಮುಚ್ಚುತ್ತಿದ್ದರು. ಇದಕ್ಕೆ ಎರಡು ಗಂಟೆ ಯಾಕೆ, ಒಂದು ಗಂಟೆ ಧಾರಾಳ ಸಾಕು ಎನಿಸಿತು. ಎದ್ದು ಗೋಡೆಯ ಚೀಟಿಯ ಹತ್ತಿರ ಹೋದರು. ಹೊಡೆದುಹಾಕಿದ "ನೀಲಿ" ಹಾಗೇ ಇತ್ತು, ಅದರ ಕೆಳಗೆ ಈಗ ಬರೆದ ಹೊಸ ಸಾಲುಗಳು. ಕೈ ತಾನಾಗಿ ಕಿವಿಯ ಮೇಲಿಂದ ಪೆನ್ಸಿಲ್ ತೆಗೆಯಿತು.

ಒಂದು ಕ್ಷಣ ಹಾಗೇ ನಿಂತರು. ಆಮೇಲೆ ಪೆನ್ಸಿಲನ್ನು ಮೇಜಿನ ಡ್ರಾಯರಿಗೆ ಹಾಕಿ, ಡ್ರಾಯರನ್ನು ಗಟ್ಟಿಯಾಗಿ ನೂಕಿ ಮುಚ್ಚಿದರು.

ಕುರ್ಚಿಯನ್ನು ಗಡಿಯಾರ ಕಾಣುವಂತೆ ಎಳೆದುಕೊಂಡು ಕೂತರು. ಮೀನುಗಳೆರಡೂ ಗಾಜಿನ ಹತ್ತಿರ ಬಂದು ಬಾಯಿಬಾಯಿ ಬಿಟ್ಟವು. ಮೇಸ್ತ್ರಿಗಳು ಮುಖ ತಿರುಗಿಸಿದರು. ಎರಡು ಗಂಟೆಗೆ ಇನ್ನೂ ಅರ್ಧ ಗಂಟೆಯಿತ್ತು. ಖಾಲಿ ಲೋಟವನ್ನು ಎರಡೂ ಕೈಯಲ್ಲಿ ತೊಡೆಯ ಮೇಲೆ ಹಿಡಿದುಕೊಂಡು ಕಾದರು.